ಚಿಂತಾಮಣಿ ಮನೆಯಲ್ಲಿ ತತ್ವಪದ ರೆಕಾರ್ಡಿಂಗ್: ಕಮ್ಮಿ ಬೆಲೆಯ ರಿಬ್ಬನ್ ಮೈಕ್ ತಗೊಳ್ಳಬಹುದಾ?

ಏಕತಾರಿ_ಮನೆ (ಚಿಂತಾಮಣಿ):

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ.

ನಮ್ಮಪ್ಪನಿಗೆ 71 ವರ್ಷ. ಸಂತಕವಿ ಕೈವಾರ ತಾತಯ್ಯನವರ ತತ್ವಪದಗಳನ್ನು ಚಿಕ್ಕಂದಿನಿಂದ ಹಾಡಿಕೊಂಡು ಬಂದಿದ್ದಾರೆ. ಕನ್ನಡದವೂ ಬರುತ್ತವೆ, ತೆಲುಗಿನವೂ ಬರುತ್ತವೆ, ಪುಸ್ತಕ ನೋಡಲ್ಲ. ಒಂದು ಕೈಯಲ್ಲಿ ಏಕತಾರಿ, ಇನ್ನೊಂದು ಕೈಯಲ್ಲಿ ಚಿಟಿಕೆ (ತಾಳ ಹಾಕೋ ಮರದ ತುಂಡುಗಳು), ಪಕ್ಕದಲ್ಲಿ ಕೂತು ಚಿಕ್ಕಪ್ಪ ದಮ್ಮಡಿ (ಕೈಯಲ್ಲಿ ಹಿಡಿಯೋ ಚರ್ಮವಾದ್ಯ) ಬಾರಿಸುತ್ತಾರೆ. ಅಪ್ಪನ ದನಿ ಗಟ್ಟಿ ಇರುವಾಗಲೇ ಅಷ್ಟನ್ನೂ ರೆಕಾರ್ಡ್ ಮಾಡಿ ಇಡಬೇಕು ಅಂತ ನನ್ನ ಆಸೆ.

ನನ್ನ ಹತ್ತಿರ ಈಗ ಒಂದು ಕಂಡೆನ್ಸರ್ ಮೈಕ್, ಮೂರನೇ ಜನರೇಶನ್‌ನ ಸ್ಕಾರ್ಲೆಟ್ 2ಐ2 ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪಿಗೆ ಸೇರಿಸೋ ಪೆಟ್ಟಿಗೆ), ಒಂದು ಲ್ಯಾಪ್‌ಟಾಪ್ ಇವೆ. ರೂಮು 10ಕ್ಕೆ 12 ಅಡಿ, ಕಲ್ಲು ಚಪ್ಪಡಿ ನೆಲ, ಬೋಳು ಗೋಡೆ. ಎಡಗಡೆ ಕಿಟಕಿಯ ಆಚೆ ಪಕ್ಕದ ಮನೆಯವರ ರೇಷ್ಮೆ ರೀಲಿಂಗ್ ಯೂನಿಟ್ ಇದೆ, ಬೆಳಿಗ್ಗೆ ಎಂಟಕ್ಕೆ ಮಿಷನ್ ಶುರುವಾದರೆ ಸಂಜೆವರೆಗೂ ನಿಲ್ಲಲ್ಲ. ಕಂಡೆನ್ಸರ್‌ನಲ್ಲಿ ಎಲ್ಲಾ ಬರುತ್ತೆ. ಮಿಷನ್ ಸದ್ದೂ ಬರುತ್ತೆ, ರೂಮಿನ ಗುಂಯ್ ಅನ್ನೋ ದನಿಯೂ ಬರುತ್ತೆ, ಚಿಟಿಕೆಯಂತೂ ಕಿವಿಗೆ ಸೂಜಿ ಚುಚ್ಚಿದ ಹಾಗೆ ಬರುತ್ತೆ, ಅದನ್ನು ಆಮೇಲೆ ಈಕ್ಯೂನಲ್ಲಿ (ಮೇಲಿನ, ಕೆಳಗಿನ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಳಿಸೋದು) ಇಳಿಸಿದರೆ ಅಪ್ಪನ ದನಿಯೂ ಮಂಕಾಗುತ್ತೆ.

ರಿಬ್ಬನ್ ಮೈಕ್‌ನಲ್ಲಿ ಮೇಲಿನ ಸ್ವರ ಮೆತ್ತಗೆ ಬರುತ್ತೆ, ಪಕ್ಕದ ಸದ್ದು ಬರಲ್ಲ ಅಂತ ಓದಿದೆ. ಬೆಂಗಳೂರಿನಲ್ಲಿ ಒಬ್ಬರು ಸೆಕೆಂಡ್ ಹ್ಯಾಂಡ್ ರಿಬ್ಬನ್ ಮೈಕನ್ನು 9,000ಕ್ಕೆ ಕೊಡುತ್ತೇನೆ ಅಂತಿದ್ದಾರೆ. ನನ್ನ ಹತ್ತಿರ ಇರೋದೇ ಒಟ್ಟು 15,000. ಇಂಟರ್‌ಫೇಸಿನ ಗೇನ್ (ಮೈಕಿನ ದನಿಯನ್ನು ಎತ್ತೋ ಶಕ್ತಿ) ಸಾಕಾಗುತ್ತಾ? ಫ್ಯಾಂಟಮ್ (ಕಂಡೆನ್ಸರ್ ಮೈಕಿಗೆ ಅಂತ ಇಂಟರ್‌ಫೇಸ್ ಕಳಿಸೋ 48 ವೋಲ್ಟ್) ಹಾಕಿದರೆ ಸುಟ್ಟೇ ಹೋಗುತ್ತೆ ಅಂತಾರಲ್ಲ, ನಿಜಾನಾ?

ತುಮಕೂರು_ಸೌಂಡ್:

ತಗೊಳ್ಳಿ. ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಮೈಕ್ ಅದು. ನಾನು ಎಂಟು ವರ್ಷದಿಂದ ಮನೆ ಹಿಂದಿನ ರೂಮಿನಲ್ಲಿ ಭಜನೆ ತಂಡಗಳನ್ನೂ ನಾಟಕದ ಹಾಡುಗಾರರನ್ನೂ ರೆಕಾರ್ಡ್ ಮಾಡುತ್ತಿದ್ದೇನೆ, ಅದರಲ್ಲಿ ಐದು ವರ್ಷ ಒಂದು ಅಗ್ಗದ ರಿಬ್ಬನ್‌ನಲ್ಲೇ ಮಾಡಿದ್ದೇನೆ.

ಒಳಗೆ ಏನಿದೆ ಅಂತ ಗೊತ್ತಾದರೆ ಮೈಕನ್ನು ಎಲ್ಲಿ ಇಡಬೇಕು ಅನ್ನೋದು ತಾನೇ ಹೊಳೆಯುತ್ತೆ. ಎರಡು ಅಯಸ್ಕಾಂತದ ನಡುವೆ ಅಲ್ಯೂಮಿನಿಯಂನ ಒಂದು ತೆಳು ಪಟ್ಟಿ ತೂಗಿರುತ್ತೆ. ದಪ್ಪ 2 ಮೈಕ್ರಾನ್ ಆಸುಪಾಸು, ನಮ್ಮ ತಲೆಕೂದಲೇ ಸುಮಾರು 70 ಮೈಕ್ರಾನ್ ಇರುತ್ತೆ. ಪಟ್ಟಿಯ ಮುಂದೂ ಬಯಲು, ಹಿಂದೂ ಬಯಲು. ಎದುರಿನ ಸದ್ದು ಅದನ್ನು ಹಿಂದಕ್ಕೆ ತಳ್ಳುತ್ತೆ, ಹಿಂದಿನ ಸದ್ದು ಮುಂದಕ್ಕೆ ತಳ್ಳುತ್ತೆ. ಆದರೆ ಪಕ್ಕದಿಂದ ಬಂದ ಸದ್ದು ಎರಡೂ ಮೈಗೆ ಒಂದೇ ಸಮ ಒತ್ತುತ್ತೆ, ಹಾಗಾಗಿ ಪಟ್ಟಿ ಹೆಚ್ಚುಕಮ್ಮಿ ಅಲ್ಲಾಡೋದೇ ಇಲ್ಲ. ಮೈಕ್ ನೆಟ್ಟಗೆ ನಿಲ್ಲಿಸಿದರೆ ಎಡಕ್ಕೂ ಬಲಕ್ಕೂ ಹೀಗೆ, ನೇರ ಮೇಲಕ್ಕೂ ಕೆಳಕ್ಕೂ ಹೀಗೆ. ಇದು ತುಂಬಾ ಜನಕ್ಕೆ ಗೊತ್ತಿರಲ್ಲ. ನಿಮ್ಮ ತಾರಸಿಯಿಂದ, ಕಲ್ಲು ನೆಲದಿಂದ ಬಡಿದು ಬರೋ ಸದ್ದೂ ಎಷ್ಟೋ ಕಮ್ಮಿಯಾಗುತ್ತೆ.

ಈಗ ನಿಮ್ಮ ರೂಮು ತಗೊಳ್ಳಿ. ಮೈಕಿನ ಎಡಪಕ್ಕ ಸರಿಯಾಗಿ ಆ ಕಿಟಕಿಗೆ ನೋಡಬೇಕು, ಮುಖ ಅಪ್ಪನ ಕಡೆಗೆ. ಚಿಕ್ಕಪ್ಪನನ್ನು ಬಲಪಕ್ಕಕ್ಕೆ ಕೂರಿಸಿ. ದಮ್ಮಡಿ ತೀರಾ ಕಮ್ಮಿಯಾಯಿತು ಅನ್ನಿಸಿದರೆ ಮೈಕ್ ಮುಟ್ಟಬೇಡಿ, ಚಿಕ್ಕಪ್ಪನನ್ನೇ ಅಪ್ಪನ ಕಡೆಗೆ ಒಂದೊಂದು ಗೇಣು ಸರಿಸುತ್ತಾ ಬನ್ನಿ. ಹೆಡ್‌ಫೋನ್ ಹಾಕಿಕೊಂಡು ಕೇಳಿ, ದಮ್ಮಡಿ ಮೆಲ್ಲಗೆ ಮೇಲೆ ಬರೋದು ಗೊತ್ತಾಗುತ್ತೆ.

ಗೇನ್ ವಿಷಯ. ನಿಮ್ಮ ಇಂಟರ್‌ಫೇಸ್ ಕೊಡೋದು 56 ಡಿಬಿ (ಡೆಸಿಬೆಲ್). ಕಂಡೆನ್ಸರ್‌ಗಿಂತ ರಿಬ್ಬನ್ 20 ಡಿಬಿಯಷ್ಟು ಮೆಲ್ಲಗೆ ಮಾತಾಡುತ್ತೆ. ಅಪ್ಪ ಎರಡು ಅಡಿ ದೂರ ಕೂತು ಹಾಡಿದರೆ ನಾಬ್ ಪೂರ್ತಿ ತಿರುಗಿಸಿದರೂ ಸಾಲಲ್ಲ, ಸುಯ್ ಅನ್ನೋ ಸದ್ದು ಬೇರೆ ಸೇರುತ್ತೆ. ಅದಕ್ಕೆ ಮೈಕಿಗೂ ಇಂಟರ್‌ಫೇಸಿಗೂ ನಡುವೆ ಒಂದು ಚಿಕ್ಕ ಬೂಸ್ಟರ್ ಹಾಕಬೇಕು. ಕ್ಲೌಡ್‌ಲಿಫ್ಟರ್ 25 ಡಿಬಿವರೆಗೂ ಕೊಡುತ್ತೆ, ಫೆಟ್‌ಹೆಡ್ 27 ಡಿಬಿ. ಉಳಿದ 6,000ವನ್ನು ಇಂಥದ್ದೊಂದಕ್ಕೇ ಇಟ್ಟುಕೊಳ್ಳಿ, ಇದೂ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬಿಡಬೇಡಿ.

ಇನ್ನು ಅಗ್ಗದ್ದು ಅಂದ ತಕ್ಷಣ ಕೀಳು ಅಂತ ತಿಳಿಯಬೇಡಿ. ಅಮೆರಿಕದ ಆರ್‌ಸಿಎ ರಿಬ್ಬನ್ ಮೈಕುಗಳು ದುಬಾರಿ ಅಂತಲೇ ಬಿಬಿಸಿಯವರು ಮಾರ್ಕೋನಿ ಜೊತೆ ಸೇರಿ 1934ರಲ್ಲಿ ತಮ್ಮದೇ ರಿಬ್ಬನ್ ಮೈಕ್ ಮಾಡಿಸಿಕೊಂಡರು. ಈಗಿನ ಕಮ್ಮಿ ಬೆಲೆಯವುಗಳಲ್ಲಿ ದುಡ್ಡು ಉಳಿಸೋದು ಹೆಚ್ಚಾಗಿ ಒಳಗಿನ ಟ್ರಾನ್ಸ್‌ಫಾರ್ಮರ್‌ನಲ್ಲಿ. ಕೆಳಗಿನ ಸ್ವರ ಸ್ವಲ್ಪ ಮಬ್ಬಾಗಿರುತ್ತೆ. 80 ಹರ್ಟ್ಸ್ ಕೆಳಗೆ ಕತ್ತರಿಸಿ, 8,000 ಹರ್ಟ್ಸ್ ಮೇಲೆ ಮೂರು ನಾಲ್ಕು ಡಿಬಿ ಎತ್ತಿ. ಕಂಡೆನ್ಸರ್‌ನಲ್ಲಿ ಅಷ್ಟು ಎತ್ತಿದರೆ ಕಿವಿ ಕೊರೆಯುತ್ತೆ, ರಿಬ್ಬನ್ ತಡೆದುಕೊಳ್ಳುತ್ತೆ.

ಕೋಲಾರ_ತಮಟೆ:

ಮೇಲಿನ ಅಣ್ಣ ಹೇಳಿದ್ದೆಲ್ಲ ಸರಿ. ಫ್ಯಾಂಟಮ್ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ನನ್ನದೊಂದು ಮೈಕ್ ಹಾಗೇ ಹೋಯಿತು.

ಕೇಬಲ್ ಸರಿಯಾಗಿದ್ದರೆ 48 ವೋಲ್ಟ್ ಎರಡು ಮತ್ತು ಮೂರನೇ ಪಿನ್ನಿಗೆ ಒಂದೇ ಸಮ ಹೋಗುತ್ತೆ. ಎರಡೂ ಕಡೆ ಒಂದೇ ವೋಲ್ಟೇಜ್ ಇದ್ದರೆ ಕರೆಂಟ್ ಹರಿಯೋ ಮಾತಿಲ್ಲ, ಪಟ್ಟಿಗೆ ಏನೂ ಆಗಲ್ಲ. ತೊಂದರೆ ಬರೋದು ಒಂದು ಪಿನ್ನಿಗೆ ಮಾತ್ರ ವೋಲ್ಟೇಜ್ ಸಿಕ್ಕಾಗ. ನಾನು ಅಂಗಡಿಯಲ್ಲಿ ಮಾಡಿಸಿದ ಕೇಬಲ್ ಒಂದರಲ್ಲಿ ಮೂರನೇ ಪಿನ್ನಿನ ಬೆಸುಗೆ ಕೆಟ್ಟು ಒಂದನೇ (ಅರ್ಥ್) ಪಿನ್ನಿಗೆ ತಾಗಿತ್ತು. ಹೊರಗಿನಿಂದ ನೋಡಿದರೆ ಹೊಸದು. ಫ್ಯಾಂಟಮ್ ಆನ್ ಇತ್ತು, ಸಿಕ್ಕಿಸಿದೆ, ಡಬ್ ಅಂತ ಒಂದು ಸದ್ದು ಬಂತು. ಆಮೇಲೆ ದನಿ ದೂರದ ಬಾವಿಯಿಂದ ಬಂದ ಹಾಗೆ. ಟಾರ್ಚ್ ಹಾಕಿ ಜಾಲರಿಯೊಳಗೆ ನೋಡಿದರೆ ಪಟ್ಟಿ ಒಂದು ಕಡೆ ಜೋತು ಬಿದ್ದಿತ್ತು, ಒಣಗಲು ಹಾಕಿದ ಬಟ್ಟೆಯ ಹಗ್ಗ ಸಡಿಲ ಆದ ಹಾಗೆ. ಆ ಮೈಕಿನಲ್ಲಿ ನಮ್ಮೂರ ತಮಟೆ ಚೆನ್ನಾಗಿ ಬರುತ್ತಿತ್ತು. ಬೆಂಕಿಗೆ ಹಿಡಿದು ಕಾಯಿಸಿದ ತಮಟೆಯ ಪೆಟ್ಟು ಬೇರೆ ಮೈಕಿನಲ್ಲಿ ಬರೀ ಚಟ್ ಅನ್ನುತ್ತೆ, ಅದರಲ್ಲಿ ಚರ್ಮದ ಗುಂಯ್‌ಕಾರವೂ ಕೇಳುತ್ತಿತ್ತು. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ಆದ್ದರಿಂದ ಮೊದಲು ಎಲ್ಲಾ ಕೇಬಲ್ ಸಿಕ್ಕಿಸಿ, ಆಮೇಲೆ ಫ್ಯಾಂಟಮ್ ಒತ್ತಿ. ಬಿಚ್ಚೋ ಮುಂಚೆ ಫ್ಯಾಂಟಮ್ ಆಫ್ ಮಾಡಿ ಅರ್ಧ ನಿಮಿಷ ಸುಮ್ಮನೆ ಕಾಯಿರಿ. ಬೂಸ್ಟರ್ ಹಾಕಿದರೆ ಇನ್ನೂ ನಿಶ್ಚಿಂತೆ. ಅದು ಫ್ಯಾಂಟಮನ್ನು ತಾನೇ ತಗೊಂಡು ಕೆಲಸ ಮಾಡುತ್ತೆ, ಮೈಕಿಗೆ ಹೋಗಲು ಬಿಡಲ್ಲ. ನಿಮ್ಮ ಇಂಟರ್‌ಫೇಸಿನಲ್ಲಿ ಎರಡೂ ಚಾನೆಲ್‌ಗೆ ಸೇರಿ ಒಂದೇ 48 ವೋಲ್ಟ್ ಬಟನ್ ಇರೋದು. ಮುಂದೆ ದಮ್ಮಡಿಗೆ ಅಂತ ಕಂಡೆನ್ಸರ್ ಹಾಕಿದರೆ ರಿಬ್ಬನ್ ಚಾನೆಲ್‌ಗೂ ಫ್ಯಾಂಟಮ್ ಹೋಗೇ ಹೋಗುತ್ತೆ, ಇದು ನೆನಪಿರಲಿ.

ಇನ್ನೆರಡು ಮಾತು. ಉಫ್ ಅಂತ ಊದಿ, ಬೆರಳಲ್ಲಿ ತಟ್ಟಿ ಮೈಕ್ ಟೆಸ್ಟ್ ಮಾಡೋ ಅಭ್ಯಾಸ ನಮ್ಮ ಕಡೆ ಜಾಸ್ತಿ. ರಿಬ್ಬನ್‌ಗೆ ಊದಿದರೆ ಪಟ್ಟಿ ಹಿಗ್ಗಿ ಹಾಳಾಗುತ್ತೆ. ಮನೆಗೆ ಬಂದವರಿಗೆಲ್ಲ ಮೊದಲೇ ಹೇಳಿಡಿ. ಮತ್ತೆ ಒಳಗೆ ಗಟ್ಟಿ ಅಯಸ್ಕಾಂತ ಇರುತ್ತೆ, ಕಬ್ಬಿಣದ ಪುಡಿ ಎಲ್ಲಿದ್ದರೂ ಎಳೆದುಕೊಳ್ಳುತ್ತೆ. ಅಕ್ಕಪಕ್ಕ ಗ್ರಿಲ್ ಅಂಗಡಿ, ವೆಲ್ಡಿಂಗ್ ಕೆಲಸ ಏನಾದರೂ ಇದ್ದರೆ ಹುಷಾರು. ಕೆಲಸ ಮುಗಿದ ಕೂಡಲೇ ಬಟ್ಟೆಯ ಚೀಲ ಹಾಕಿ ನೆಟ್ಟಗೆ ನಿಲ್ಲಿಸಿ ಇಡಿ, ಮಲಗಿಸಿದರೆ ಪಟ್ಟಿ ತನ್ನ ಭಾರಕ್ಕೇ ಜಗ್ಗುತ್ತೆ.

ಕಥೆ_ಓದುವವಳು (ತುಮಕೂರು):

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

10ಕ್ಕೆ 12 ಬೋಳು ರೂಮಿನಲ್ಲಿ ರಿಬ್ಬನ್ ಇಟ್ಟರೆ ಅದರ ಬೆನ್ನು ಸುಮ್ಮನಿರಲ್ಲ. ಮುಂದೆ ಎಷ್ಟು ಕೇಳುತ್ತೋ ಹಿಂದೆಯೂ ಅಷ್ಟೇ ಕೇಳುತ್ತೆ. ಅಪ್ಪ ಹಾಡಿದ್ದು ಎದುರು ಗೋಡೆಗೆ ಬಡಿದು ವಾಪಸ್ ಬಂದು ಅದರ ಬೆನ್ನಿಗೆ ನೇರ ಸೇರುತ್ತೆ. ಕಿಟಕಿ ಸದ್ದು ಹೋಯಿತು ಅಂತ ಖುಷಿಪಟ್ಟರೂ ಡಬ್ಬಿಯೊಳಗೆ ಹಾಡಿದ ಹಾಗೆ ಇರುತ್ತೆ. ನಾನು ಮನೆಯಲ್ಲಿ ಆಡಿಯೋ ಕಥೆ ಓದುತ್ತೇನೆ, ಎರವಲು ತಂದ ರಿಬ್ಬನ್‌ನಲ್ಲಿ ಹದಿನೈದು ದಿನ ಕಷ್ಟಪಟ್ಟು ಕೊನೆಗೆ ಡೈನಾಮಿಕ್ ಮೈಕಿಗೇ (ಸ್ಟೇಜಿನಲ್ಲಿ ಬಳಸೋ ಮಾಮೂಲಿ ಥರದ್ದು) ವಾಪಸ್ ಬಂದೆ.

ಮೊದಲು ದುಡ್ಡು ಖರ್ಚಿಲ್ಲದ ಕೆಲಸ ಮಾಡಿ. ಮನೆಯಲ್ಲಿ ಇರೋ ಕಂಬಳಿ, ರಗ್ಗು, ಹತ್ತಿ ಹಾಸಿಗೆ ಎಲ್ಲಾ ಆ ಗೋಡೆಗೆ ತೂಗುಹಾಕಿ, ಈಗಿರೋ ಕಂಡೆನ್ಸರ್‌ನಲ್ಲೇ ಒಂದು ಪದ ರೆಕಾರ್ಡ್ ಮಾಡಿ ಕೇಳಿ. ರೀಲಿಂಗ್ ಶುರುವಾಗೋದು ಎಂಟಕ್ಕೆ ಅಂದಿರಲ್ಲ, ಆರಕ್ಕೆ ಕೂರಬಹುದಲ್ವಾ? ಇಷ್ಟು ಮಾಡಿದ ಮೇಲೂ ಚಿಟಿಕೆ ಚುಚ್ಚಿದರೆ ಆಗ ರಿಬ್ಬನ್ ತಗೊಳ್ಳಿ.

ತುಮಕೂರು_ಸೌಂಡ್:

ಮೇಡಂ ಹೇಳಿದ್ದು ಖಂಡಿತ ಮಾಡಬೇಕಾದ್ದು, ಬೆನ್ನಿನ ವಿಷಯ ನಾನು ಬರೆಯೋದು ಬಿಟ್ಟುಬಿಟ್ಟಿದ್ದೆ. ಆದರೆ ಕಥೆ ಓದೋರು ಮೈಕಿಗೆ ಹತ್ತಿರ ಕೂರುತ್ತಾರೆ, ರಿಬ್ಬನ್ ಹತ್ತಿರದಲ್ಲಿ ಕೆಳಸ್ವರವನ್ನು ವಿಪರೀತ ಊದಿಸುತ್ತೆ, ಹಾಗಾಗಿ ಓದುಗಾರಿಕೆಗೆ ಅದು ಕಷ್ಟವೇ. ಏಕತಾರಿಯೂ ದನಿಯೂ ಒಟ್ಟಿಗೆ ಬೇಕು ಅಂದರೆ ಎರಡು ಅಡಿಯಾದರೂ ದೂರ ಇಡಲೇಬೇಕು, ಅಲ್ಲಿ ರಿಬ್ಬನ್ ಚೆನ್ನ. ಮೈಕಿನ ಹಿಂದೆ ಐದಾರು ಅಡಿ ಜಾಗ ಬಿಡಿ, ಗೋಡೆಗೆ ಕಂಬಳಿಯನ್ನು ಒಂದು ಗೇಣು ಬಿಟ್ಟು ತೂಗುಹಾಕಿ, ಅಂಟಿಸಿ ಹಾಕಬೇಡಿ.

ಮೈಕ್ ನೋಡೋಕೆ ಹೋದಾಗ ಹೆಡ್‌ಫೋನ್, ಇಂಟರ್‌ಫೇಸ್ ಜೊತೆಗೆ ಒಯ್ಯಿರಿ. ಮುಂದೆ ನಿಂತು ನಾಲ್ಕು ಮಾತು, ಹಿಂದೆ ನಿಂತು ಅದೇ ನಾಲ್ಕು ಮಾತು. ಎರಡೂ ಹೆಚ್ಚುಕಮ್ಮಿ ಒಂದೇ ಥರ ಕೇಳಬೇಕು. ಒಂದು ಕಡೆ ತೆಳ್ಳಗಿದ್ದರೆ, ಇಲ್ಲಾ ಕೆಳಸ್ವರದಲ್ಲಿ ಪರ್ ಪರ್ ಅಂದರೆ, ಬಿಟ್ಟು ಬನ್ನಿ.

ಏಕತಾರಿ_ಮನೆ:

ಎಲ್ಲರಿಗೂ ತುಂಬಾ ಧನ್ಯವಾದ. ಮೂರು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಮೊದಲು ಮೇಡಂ ಹೇಳಿದ ಹಾಗೆ ಎರಡು ಕಂಬಳಿ, ಒಂದು ಹಾಸಿಗೆ ಕಟ್ಟಿ ಕಂಡೆನ್ಸರ್‌ನಲ್ಲೇ ಮಾಡಿದೆ. ಗುಂಯ್ ಅನ್ನೋದು ಅರ್ಧಕ್ಕೆ ಇಳಿಯಿತು, ಚಿಟಿಕೆ ಮಾತ್ರ ಹಾಗೇ ಇತ್ತು. ಆಮೇಲೆ ಬೆಂಗಳೂರಿಗೆ ಹೋಗಿ ಹಿಂದೆ ಮುಂದೆ ಎರಡೂ ಕಡೆ ಮಾತಾಡಿ ನೋಡಿ ಮೈಕ್ ತಂದೆ, 8,500ಕ್ಕೆ ಕೊಟ್ಟರು. ಬೂಸ್ಟರ್ ಕೂಡ ಸೆಕೆಂಡ್ ಹ್ಯಾಂಡೇ ಸಿಕ್ಕಿತು.

ಬೆಳಿಗ್ಗೆ ಆರಕ್ಕೆ ಕೂರುತ್ತೇವೆ, ಆದರೂ ಪರೀಕ್ಷೆಗೆ ಅಂತ ಒಂದು ದಿನ ಹತ್ತು ಗಂಟೆಗೆ ಮಿಷನ್ ಓಡುವಾಗಲೇ ರೆಕಾರ್ಡ್ ಮಾಡಿದೆ. ಮೈಕಿನ ಪಕ್ಕ ಕಿಟಕಿಗೆ ತಿರುಗಿಸುತ್ತಾ ಹೋದಂತೆ ಒಂದು ಜಾಗದಲ್ಲಿ ಮಿಷನ್ ಸದ್ದು ಸಟ್ ಅಂತ ಕೆಳಗೆ ಹೋಯಿತು. ಪೂರ್ತಿ ಹೋಗಲಿಲ್ಲ, ಆದರೆ ಅಪ್ಪ ಹಾಡೋಕೆ ಶುರು ಮಾಡಿದ ಮೇಲೆ ಹುಡುಕಿದರೂ ಸಿಗಲ್ಲ.

ಒಂದೇ ತೊಂದರೆ ಆಯಿತು. ಅಪ್ಪನಿಗೆ ಗುಡಿಗಳಲ್ಲಿ ಮೈಕಿಗೆ ಬಾಯಿ ಇಟ್ಟು ಹಾಡಿ ಅಭ್ಯಾಸ. ಎರಡನೇ ಚರಣಕ್ಕೆ ಬರೋ ಹೊತ್ತಿಗೆ ಕತ್ತು ಮುಂದಕ್ಕೆ ಬಂದು ಮೈಕಿಗೆ ಒಂದು ಗೇಣು ಹತ್ತಿರ ಆಗಿರುತ್ತಿತ್ತು, ದನಿ ದಪ್ಪ ಆಗಿಬಿಡುತ್ತಿತ್ತು. ಹೇಳಿದರೆ ಹಾಡು ನಿಲ್ಲುತ್ತೆ. ಕೊನೆಗೆ ಬೆನ್ನಿಗೆ ಒರಗು ದಿಂಬು ಕೊಟ್ಟು ಗೋಡೆ ಬದಿಯ ದಿವಾನದ ಮೇಲೆ ಕೂರಿಸಿದೆ, ಮೈಕನ್ನು ಅವರ ಎದೆಯ ಮಟ್ಟಕ್ಕೆ ಇಳಿಸಿದೆ. ಒರಗಿ ಕೂತರೆ ಮುಂದಕ್ಕೆ ಬಗ್ಗಲ್ಲ, ಏಕತಾರಿಯ ಬುರುಡೆಯೂ ಮೈಕಿಗೆ ಎದುರಾಯಿತು. ತಂತಿ ಮೀಟಿದಾಗ ಬೆರಳ ಉಗುರು ತಾಗೋದೂ ಕೇಳುತ್ತೆ ಈಗ. ಇದುವರೆಗೆ ಹದಿಮೂರು ಪದ ಆಗಿವೆ.

ಕೋಲಾರ_ತಮಟೆ:

ಬಹಳ ಖುಷಿಯಾಯಿತು ತಮ್ಮ. ಚೀಲ ಹಾಕಿ ಇಡುತ್ತಿದ್ದೀಯ ತಾನೇ?

ಏಕತಾರಿ_ಮನೆ:

ಹಾಕುತ್ತಿದ್ದೇನೆ ಅಣ್ಣ. ಅಮ್ಮ ಹಳೇ ರೇಷ್ಮೆ ರವಿಕೆ ಬಿಚ್ಚಿ ಎರಡು ಪದರ ಮಾಡಿ ಹೊಲಿದು ಕೊಟ್ಟಿದ್ದಾರೆ, ಮೇಲೆ ದಾರ ಎಳೆದರೆ ಬಾಯಿ ಮುಚ್ಚಿಕೊಳ್ಳುತ್ತೆ.