ಪದಚರ್ಚೆ: ಫ್ರೀ ಸಾಫ್ಟ್‌ವೇರೂ ‘ಮುಕ್ತ’, ಓಪನ್ ಸೋರ್ಸೂ ‘ಮುಕ್ತ’ ಆದರೆ ಹೇಗೆ?

ಗೆಳೆಯರೇ,

ಮೂರು ದಿನದಿಂದ ಒಂದೇ ಪದದ ಮುಂದೆ ಕೂತಿದ್ದೇನೆ. ಸಾಫ್ಟ್‌ವೇರ್, ದೊಡ್ಡ ಕಂಪನಿಗಳ ಹಿಡಿತ, ಇಂಟರ್ನೆಟ್ ಕೊನೆಗೆ ಯಾರ ಕೈಯಲ್ಲಿದೆ ಅನ್ನುವುದರ ಬಗ್ಗೆ ಒಂದು ಉದ್ದನೆಯ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬರೆದವರು ತಂತ್ರಜ್ಞಾನದ ಹುಚ್ಚು ಹಿಡಿದವರು, ಸ್ವಲ್ಪ ಮುಂಗೋಪಿ ಕೂಡ. ‘ಫ್ರೀ’ ಬೇರೆ, ‘ಓಪನ್’ ಬೇರೆ ಎಂಬುದೇ ಅವರ ವಾದಕ್ಕೆಲ್ಲ ಆಧಾರ. ನನ್ನ ಕರಡಿನಲ್ಲಿ ನೋಡಿದರೆ ಎರಡೂ ಕಡೆ ‘ಮುಕ್ತ’ ಬಂದು ಕೂತಿದೆ. ಒಂದು ವಾಕ್ಯವಂತೂ ಹೀಗಾಗಿದೆ: “ಮುಕ್ತ ತಂತ್ರಾಂಶವನ್ನು ಮುಕ್ತ ತಂತ್ರಾಂಶ ಎಂದು ಕರೆದ ಮೇಲೆಯೇ ಕಂಪನಿಗಳಿಗೆ ಹಿತವಾಯಿತು.” ಓದಿ ನಾನೇ ನಕ್ಕುಬಿಟ್ಟೆ.

ಮೊದಲು ‘ಫ್ರೀ’ ವಿಷಯ. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶ ಕಟ್ಟುವ ಗ್ನೂ ಯೋಜನೆಯನ್ನು ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಸಾರಿದಾಗಿನಿಂದ ಇಂಗ್ಲಿಷಿನವರಿಗೆ ಈ ಪದದ ಜೊತೆ ಗುದ್ದಾಟವೇ. ಅವರಲ್ಲಿ ಕಾಸಿಲ್ಲದೆ ಸಿಕ್ಕಿದ್ದೂ ಫ್ರೀ, ಯಾರ ಅಡಿಯಲ್ಲೂ ಇಲ್ಲದ್ದೂ ಫ್ರೀ. ಅದಕ್ಕೇ ಬಿಯರಿನ ಫ್ರೀ ಅಲ್ಲ, ಮಾತಿನ ಫ್ರೀ ಅಂತ ಪ್ರತಿ ಸಲ ಬಿಡಿಸಿ ಹೇಳಬೇಕು. ಕನ್ನಡಕ್ಕೆ ಈ ಕಷ್ಟ ಇರಲೇ ಇಲ್ಲ. ಪುಕ್ಕಟೆ, ಬಿಟ್ಟಿ, ಉಚಿತ ಅಂತ ಒಂದು ಗುಂಪು. ಸ್ವತಂತ್ರ, ಬಿಡುಗಡೆ ಅಂತ ಇನ್ನೊಂದು ಗುಂಪು. ಎರಡಕ್ಕೂ ನಂಟೇ ಇಲ್ಲ. ಆದರೂ ಎಷ್ಟೋ ಕಡೆ ‘ಉಚಿತ ತಂತ್ರಾಂಶ’ ಎಂದು ಬರೆದಿರುವುದನ್ನು ನೋಡಿದ್ದೇನೆ. ಇಲ್ಲದ ಗೊಂದಲವನ್ನು ಅನುವಾದ ಮಾಡಿ ತಂದುಕೊಂಡ ಹಾಗಾಯಿತು, ಅಲ್ವಾ?

ಅಂದಹಾಗೆ ‘ಉಚಿತ’ ಅನ್ನುವುದಕ್ಕೆ ತಕ್ಕದ್ದು, ಸರಿಯಾದದ್ದು ಎಂಬ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ಸಮಯೋಚಿತ, ಯಥೋಚಿತ, ಉಚಿತಾನುಚಿತ ಎಲ್ಲ ಅಲ್ಲಿಂದಲೇ ಬಂದದ್ದು. ತಕ್ಕದ್ದು ಎನ್ನುವ ಪದ ದುಡ್ಡು ಕೊಡಬೇಕಿಲ್ಲ ಎಂಬಲ್ಲಿಗೆ ಹೇಗೆ ಬಂತು ಎಂದು ಬಲ್ಲವರು ಹೇಳಿದರೆ ಸಂತೋಷ. ಇದು ನನ್ನ ಮುಖ್ಯ ಪ್ರಶ್ನೆ ಅಲ್ಲ.

ಮುಖ್ಯ ಪ್ರಶ್ನೆ ‘ಮುಕ್ತ’. ‘ಓಪನ್ ಸೋರ್ಸ್’ ಎಂಬ ಹೆಸರು ಹುಟ್ಟಿದ್ದು 1998ರ ಫೆಬ್ರವರಿಯಲ್ಲಿ. ನೆಟ್‌ಸ್ಕೇಪ್ ತನ್ನ ಬ್ರೌಸರಿನ ಕೋಡನ್ನು ಹೊರಗೆ ಬಿಡುತ್ತೇನೆಂದು ಆ ಜನವರಿಯಲ್ಲಷ್ಟೇ ಹೇಳಿತ್ತು. ಈ ಗಾಳಿ ಬೀಸುವಾಗಲೇ ತೂರಿಕೊಳ್ಳೋಣ ಎಂದು ಕೆಲವರು ಅಮೆರಿಕದ ಪಾಲೊ ಆಲ್ಟೊದಲ್ಲಿ ಸೇರಿದರು. ಅಲ್ಲಿ ಕ್ರಿಸ್ಟೀನ್ ಪೀಟರ್ಸನ್ ಈ ಹೆಸರು ಸೂಚಿಸಿದರು. ‘ಫ್ರೀ’ ಅಂದರೆ ಹೊಸಬರ ತಲೆಗೆ ಮೊದಲು ಬರುವುದು ದುಡ್ಡಿನ ಮಾತು, ವ್ಯಾಪಾರದವರಿಗೂ ಅದು ಇರುಸುಮುರುಸು ಎನ್ನುವುದು ಕಾರಣ. ಅದೇ ತಿಂಗಳು ಓಪನ್ ಸೋರ್ಸ್ ಇನಿಷಿಯೇಟಿವ್ ಶುರುವಾಯಿತು. ಅದರ ಹತ್ತು ಅಂಶಗಳ ವ್ಯಾಖ್ಯೆಯನ್ನು ಡೆಬಿಯನ್ ಎಂಬ ತಂತ್ರಾಂಶ ಬಳಗದವರ ನಿಯಮಗಳಿಂದ ಎತ್ತಿಕೊಂಡಿದ್ದಾರೆ. ಸ್ಟಾಲ್‌ಮನ್ ಕಡೆಯವರದು ನಾಲ್ಕು ಸ್ವಾತಂತ್ರ್ಯಗಳು: ಬಳಸು, ಓದಿ ತಿದ್ದು, ಹಂಚು, ತಿದ್ದಿದ್ದನ್ನೂ ಹಂಚು. ಅವರು ಎಣಿಕೆ ಶುರುಮಾಡುವುದು ಸೊನ್ನೆಯಿಂದ. ಪ್ರೋಗ್ರಾಮರುಗಳ ಚಾಳಿ.

ತಮಾಷೆ ಏನೆಂದರೆ, ಎರಡು ವ್ಯಾಖ್ಯೆಗೂ ಸಿಗುವ ತಂತ್ರಾಂಶಗಳು ಹೆಚ್ಚುಕಡಿಮೆ ಅವೇ. ಕಂಪ್ಯೂಟರನ್ನೇ ನಡೆಸುವ ಲಿನಕ್ಸ್ ಅದೂ ಹೌದು, ಇದೂ ಹೌದು. ಹಾಗಾದರೆ ಒಂದೇ ಪದ ಸಾಲದೇ ಎಂದು ಕೇಳಬಹುದು. ಸಾಲದು. ಸರಕು ಒಂದೇ, ಅದನ್ನು ಯಾಕೆ ಬೇಕೆನ್ನುತ್ತೇವೆ ಎಂಬುದು ಬೇರೆ. ಓಪನ್ ಅನ್ನುವವರು ಹೀಗೆ ಮಾಡಿದರೆ ಕೋಡ್ ಚೆನ್ನಾಗಾಗುತ್ತದೆ, ತಪ್ಪು ಬೇಗ ಸಿಗುತ್ತದೆ ಎನ್ನುತ್ತಾರೆ. ಫ್ರೀ ಅನ್ನುವವರಿಗೆ ಕೋಡ್ ಕೆಟ್ಟದಾಗಿದ್ದರೂ ಅಡ್ಡಿಯಿಲ್ಲ, ನನ್ನ ಯಂತ್ರ ನನ್ನ ಮಾತು ಕೇಳಬೇಕು ಅಷ್ಟೇ. ಮೊದಲನೆಯದನ್ನು ಯಾವ ಕಂಪನಿ ಬೇಕಾದರೂ ಒಪ್ಪಬಹುದು, ಒಪ್ಪಿಯೂ ಆಗಿದೆ. ಲಿನಕ್ಸನ್ನು ಮೈಕ್ರೋಸಾಫ್ಟಿನ ಮುಖ್ಯಸ್ಥ ಸ್ಟೀವ್ ಬಾಮರ್ 2001ರಲ್ಲಿ ಕ್ಯಾನ್ಸರಿಗೆ ಹೋಲಿಸಿದ್ದರು. 2018ರಲ್ಲಿ ಅದೇ ಮೈಕ್ರೋಸಾಫ್ಟ್ 750 ಕೋಟಿ ಡಾಲರಿಗೆ ಇಂಥ ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್ ಕೊಂಡಿತು. ಎರಡನೆಯದನ್ನು ಹಾಗೆ ಕೊಂಡುಕೊಳ್ಳಲು ಬರುವುದಿಲ್ಲ. ನನ್ನ ಲೇಖನದವರು ಇಡೀ ಒಂದು ಪುಟ ಕೂಗಾಡುವುದು ಇದಕ್ಕೇ. ಆ ಪುಟ ನನ್ನ ಕನ್ನಡದಲ್ಲಿ ಮುಕ್ತ ಮುಕ್ತ ಎಂದು ತೊದಲುತ್ತಿದೆ.

‘ಮುಕ್ತ’ದಲ್ಲಿ ಇನ್ನೊಂದು ತೊಡಕಿದೆ. ಪದದ ಹಿಂದೆ ಬಂದರೆ ಒಂದು ಅರ್ಥ, ಮುಂದೆ ಬಂದರೆ ಇನ್ನೊಂದು. ಮುಕ್ತ ಮಾರುಕಟ್ಟೆ, ಮುಕ್ತ ಮನಸ್ಸು ಸರಿ. ಹೊಗೆಮುಕ್ತ, ಋಣಮುಕ್ತ ಎಂದರೆ ಅದು ಇಲ್ಲದ್ದು. ತಂತ್ರಾಂಶಮುಕ್ತ ಕಂಪ್ಯೂಟರ್ ಅಂದುಬಿಟ್ಟರೆ ಬರೀ ಡಬ್ಬ. ಪದದ ಒಳಗೆ ಯಾರೋ ಬಿಟ್ಟದ್ದು ಎಂಬ ಧ್ವನಿಯೂ ಇದೆ. ಮುಚ್ಚಿಟ್ಟವನೇ ದೊಡ್ಡ ಮನಸ್ಸು ಮಾಡಿ ತೆರೆದ ಹಾಗೆ. ‘ಓಪನ್’ಗೆ ಇದು ಸರಿಯಾಗಿ ಹೊಂದುತ್ತದೆ, ಹಾಗಾಗಿ ಅಲ್ಲಿಗೇ ಬಿಡೋಣ ಎನ್ನುವುದು ನನ್ನ ಮತ. ಮುಕ್ತ ಆಕರ, ತೆರೆದ ಆಕರ ಯಾವುದಾದರೂ ನಡೆಯುತ್ತದೆ.

ಹಾಗಾದರೆ ‘ಫ್ರೀ’ಗೆ? ‘ಸ್ವತಂತ್ರ ತಂತ್ರಾಂಶ’ ಅಂತ ಬಳಸುವವರಿದ್ದಾರೆ. ಅರ್ಥ ಹತ್ತಿರವಿದೆ. ಆದರೆ ಬಾಯಲ್ಲಿ ‘ತಂತ್ರ’ ಎರಡು ಸಲ ತಾಗುತ್ತದೆ. ಅದಕ್ಕಿಂತ ಜಾಸ್ತಿ ತೊಂದರೆ ಎಂದರೆ ಸ್ವತಂತ್ರ ಯಾರು ಅನ್ನುವುದು. ಸ್ವತಂತ್ರ ಪತ್ರಕರ್ತ ಎಂದರೆ ಪತ್ರಕರ್ತನೇ ಸ್ವತಂತ್ರ. ಸ್ವತಂತ್ರ ತಂತ್ರಾಂಶ ಅಂದಾಗ ಬೇರೆ ಯಾವುದನ್ನೂ ನೆಚ್ಚದೆ ತಾನಾಗಿ ಓಡುವ ತಂತ್ರಾಂಶ ಎಂದು ಓದುಗರು ತಿಳಿದರೆ ಅವರ ತಪ್ಪಿಲ್ಲ. ಇಲ್ಲಿ ಬಿಡುಗಡೆ ಸಿಗಬೇಕಾದದ್ದು ತಂತ್ರಾಂಶಕ್ಕಲ್ಲ, ಬಳಸುವವನಿಗೆ. ‘ಬಿಡುಗಡೆ’ಯನ್ನೇ ತರೋಣವೆಂದರೆ ಅದು ಆಗಲೇ ಹೊಸ ಆವೃತ್ತಿ ಬರುವುದಕ್ಕೆ ಮೀಸಲಾಗಿ ಕೂತಿದೆ. ಒಳ್ಳೆಯ ಪದ, ಸುಮ್ನೆ ಖರ್ಚಾಗಿ ಹೋಯಿತು.

ಹೀಗೆ ತಡಕಾಡುವಾಗ ಕೈಗೆ ಸಿಕ್ಕಿದ್ದು ‘ಹಂಗು’.

ನಿಮ್ಮ ಮುಂದೆ ಇಡಬೇಕೆಂದಿರುವುದು ಇದನ್ನೇ: ಹಂಗಿಲ್ಲದ ತಂತ್ರಾಂಶ. ನಗಬೇಡಿ, ಸ್ವಲ್ಪ ಯೋಚಿಸಿ. ಹಂಗು ಎಂದರೆ ಕೊಟ್ಟವನ ಕೈಕೆಳಗೆ ಬೀಳುವುದು. ದುಡ್ಡು ಕೊಟ್ಟು ಕೊಂಡದ್ದರಲ್ಲಿ ಹಂಗು ಕಡಿಮೆ, ಪುಕ್ಕಟೆ ಸಿಕ್ಕಿದ್ದರಲ್ಲೇ ಜಾಸ್ತಿ. ಇಂದಿನ ಇಂಟರ್ನೆಟ್ಟಿನ ಕಥೆ ಇದೇ ತಾನೆ? ಮಿಂಚಂಚೆ ಪುಕ್ಕಟೆ, ನಕ್ಷೆ ಪುಕ್ಕಟೆ, ಫೋಟೋ ಇಡಲು ಜಾಗ ಪುಕ್ಕಟೆ, ಆಮೇಲೆ ಅವರು ಹೇಳಿದ ಹಾಗೆ ಕೇಳಬೇಕು. ನಾನೇ ಒಂದು ಟಿಪ್ಪಣಿ ಸೇವೆಯಲ್ಲಿ ಆರು ವರ್ಷದ ಪದಪಟ್ಟಿ ಇಟ್ಟಿದ್ದೆ. ಒಂದು ದಿನ ನಿಯಮ ಬದಲಾಯಿತು, ಹೊರಗೆ ತೆಗೆದುಕೊಳ್ಳುವ ಗುಂಡಿ ಮಾಯವಾಯಿತು. ಯಾರನ್ನು ಕೇಳುವುದು? ಕಾಸು ಕೊಟ್ಟಿರಲಿಲ್ಲವಲ್ಲ. ಒಂದೊಂದೇ ಪುಟ ನಕಲು ಮಾಡುತ್ತ ಎರಡು ವಾರ ಕಳೆದೆ. ‘ಫ್ರೀ’ಯ ಎರಡು ಅರ್ಥ ಬಿಡಿಸಲು ಇಂಗ್ಲಿಷಿಗೆ ಬಿಯರು ಬೇಕು. ಕನ್ನಡದಲ್ಲಿ ‘ಪುಕ್ಕಟೆ, ಆದರೆ ಹಂಗಿನದು’ ಎಂದರೆ ಮುಗಿಯಿತು.

ಗೆಳತಿಯೊಬ್ಬಳು ಇದಕ್ಕೆ ಆಗಲೇ ತಕರಾರು ತೆಗೆದಿದ್ದಾಳೆ. “ಯಾರೋ ರಾತ್ರಿ ನಿದ್ದೆಗೆಟ್ಟು ಬರೆದ ಕೋಡನ್ನು ಪುಕ್ಕಟೆ ಬಳಸುತ್ತೀಯ, ಅದು ಹಂಗಲ್ವಾ?” ಎಂದಳು. ಎರಡು ದಿನ ಉತ್ತರ ತೋಚಲಿಲ್ಲ. ಆಮೇಲೆ ಹೊಳೆಯಿತು, ಅದು ಹಂಗಲ್ಲ, ಋಣ. ಹಂಗಿನಲ್ಲಿ ಕೊಟ್ಟವನು ಕಿತ್ತುಕೊಳ್ಳಬಲ್ಲ. ಋಣದಲ್ಲಿ ಕೊಟ್ಟವನ ಕೈಯಲ್ಲಿ ಏನೂ ಇರುವುದಿಲ್ಲ, ತೀರಿಸುವುದು ಬಿಡುವುದು ಪಡೆದವನಿಗೆ ಬಿಟ್ಟದ್ದು. ತೀರಿಸದವರೇ ಹೆಚ್ಚು ಎನ್ನುವುದೂ ನಿಜ. 2014ರಲ್ಲಿ, ತಾಣಗಳ ಜೊತೆಗಿನ ಸಂಪರ್ಕವನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ಬಿರುಕು ಹೊರಬಿತ್ತಲ್ಲ, ಆಗ ಬಯಲಾದದ್ದೇ ಇದು. ಜಗತ್ತಿನ ದೊಡ್ಡ ದೊಡ್ಡ ತಾಣಗಳು ಆ ಕೋಡಿನ ಮೇಲೆ ನಿಂತಿದ್ದವು, ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ. ನನ್ನ ಲೇಖನದಲ್ಲಿ ‘ಎಕ್ಸ್‌ಪ್ಲಾಯ್ಟ್’ ಎಂದು ಬರುವ ಕೆಲವು ಕಡೆ ‘ಋಣಗೇಡಿ’ ಎಂದೇ ಹಾಕಿದರೆ ಹೇಗೆ ಎಂದು ಕೈ ತುರಿಸುತ್ತಿದೆ. ಅನುವಾದಕ ಅಷ್ಟು ಮೈಮೇಲೆ ಬೀಳಬಾರದು, ಗೊತ್ತು.

‘ಹಂಗಿಲ್ಲದ’ ಎಂದಿಟ್ಟುಕೊಂಡರೆ ಕಂಪನಿ ತನ್ನ ಹಿಡಿತದಲ್ಲೇ ಇಟ್ಟುಕೊಳ್ಳುವ ‘ಪ್ರೊಪ್ರೈಟರಿ’ಗೆ ‘ಹಂಗಿನ ತಂತ್ರಾಂಶ’ ತಾನಾಗಿ ಸಿಗುತ್ತದೆ. ಈಗ ಅದಕ್ಕೆ ಬಳಸುವ ‘ಸ್ವಾಮ್ಯದ ತಂತ್ರಾಂಶ’ ನನಗೆ ಸರಿ ಕಾಣುವುದಿಲ್ಲ. ಗ್ನೂ ಯೋಜನೆಯವರ ಜಿಪಿಎಲ್ ಪರವಾನಗಿಯ ತಂತ್ರಾಂಶಕ್ಕೂ ಕೃತಿಸ್ವಾಮ್ಯ ಇದ್ದೇ ಇದೆ, ಆ ಸ್ವಾಮ್ಯದ ಬಲದಿಂದಲೇ ಪರವಾನಗಿ ನಿಂತಿರುವುದು. ‘ಖಾಸಗಿ’ ಎಂದರೆ ಖಾಸಗಿತನದ ಜೊತೆ ಗೋಜಲಾಗುತ್ತದೆ. ಹಂಗಿನ ತಂತ್ರಾಂಶ ಎಂದರೆ ಬೈದ ಹಾಗಾಗುತ್ತದೆ, ಒಪ್ಪುತ್ತೇನೆ. ವಾದ ಮಾಡುವ ಲೇಖನಕ್ಕೆ ಅದು ನಡೆಯುತ್ತದೆ. ತಂತ್ರಾಂಶದ ಮೆನು ಅನುವಾದಕ್ಕೋ ಕರಾರು ಪತ್ರಕ್ಕೋ ಬೇಡ.

ಇನ್ನು ‘ಕಾಪಿಲೆಫ್ಟ್’. ‘ಕಾಪಿರೈಟ್’ನ ‘ರೈಟ್’ಗೆ ಹಕ್ಕು, ಬಲಗಡೆ ಎರಡೂ ಅರ್ಥ ಇರುವುದರಿಂದ ಅವರಿಗೆ ಆ ಚೇಷ್ಟೆ ಆಯಿತು. ನಮ್ಮ ‘ಬಲ’ಕ್ಕೂ ಎರಡು ಅರ್ಥ ಇದೆ, ಆದರೆ ಎರಡನೆಯದು ಶಕ್ತಿ. ‘ಎಡಸ್ವಾಮ್ಯ’ ಎಂದರೆ ಯಾವುದೋ ರಾಜಕೀಯ ಪಕ್ಷದ ಹಾಗೆ ಕೇಳುತ್ತದೆ. ಚೇಷ್ಟೆ ಬಿಟ್ಟು ಕೆಲಸ ನೋಡಿ ‘ಪಡೆದಂತೆ ಕೊಡುವ ಶರತ್ತು’ ಎಂದು ಬರೆದಿದ್ದೇನೆ. ನನಗೆ ಯಾವ ಸ್ವಾತಂತ್ರ್ಯದ ಜೊತೆ ಬಂತೋ, ತಿದ್ದಿ ಮುಂದಕ್ಕೆ ಕೊಡುವಾಗ ಅದೇ ಸ್ವಾತಂತ್ರ್ಯದ ಜೊತೆ ಕೊಡಬೇಕು. ಉದ್ದವಾಯಿತು, ಮೊಟಕು ಮಾಡಿಕೊಡಿ.

‘ಫೋರ್ಕ್’ಗೆ, ಅಂದರೆ ಒಂದು ತಂತ್ರಾಂಶದ ಕೋಡನ್ನು ನಕಲು ಮಾಡಿಕೊಂಡು ಬೇರೆಯಾಗಿ ಬೆಳೆಸುವುದಕ್ಕೆ, ಕವಲು ಎನ್ನುವುದು ಸಹಜ. ಆದರೆ ಹೊಳೆ ಕವಲೊಡೆದರೆ ಎರಡೂ ಕಡೆ ನೀರು ಕಡಿಮೆಯಾಗುತ್ತದೆ, ಮನೆ ಪಾಲಾದರೆ ಇಬ್ಬರಿಗೂ ಅರ್ಧರ್ಧ. ಇಲ್ಲಿ ಬೇರೆಯಾದವನಿಗೂ ಪೂರ್ತಿ, ಉಳಿದವನಿಗೂ ಪೂರ್ತಿ. ಅದಕ್ಕೇ ಅಲ್ಲವೇ ಕಂಪನಿಗಳಿಗೆ ಅದರ ಭಯ? ಹ್ಯಾಶಿಕಾರ್ಪ್ ಕಂಪನಿ 2023ರ ಆಗಸ್ಟಿನಲ್ಲಿ ತನ್ನ ತಂತ್ರಾಂಶ ಟೆರಾಫಾರ್ಮ್‌ನ ಪರವಾನಗಿ ಬಿಗಿ ಮಾಡಿತು, ಅದರ ಕವಲಾಗಿ ಓಪನ್‌ಟೋಫು ಎದ್ದು ನಿಂತಿತು. 2024ರ ಮಾರ್ಚಿನಲ್ಲಿ ದತ್ತಾಂಶ ಇಡುವ ತಂತ್ರಾಂಶ ರೆಡಿಸ್ ಹಾಗೆಯೇ ಮಾಡಿತು, ಅದೇ ತಿಂಗಳು ಅದರ ಕವಲು ವಾಲ್ಕೀ ಹುಟ್ಟಿತು. ಮರುವರ್ಷ ರೆಡಿಸ್ ಜಿಪಿಎಲ್ ಜಾತಿಯದೇ ಆದ ಎಜಿಪಿಎಲ್ ಪರವಾನಗಿಯನ್ನೂ ಸೇರಿಸಿಕೊಂಡು ವಾಪಸು ಬಂತು. ‘ಕವಲು’ ಇಟ್ಟುಕೊಳ್ಳುತ್ತೇನೆ, ಆದರೆ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನ ‘ಬ್ರ್ಯಾಂಚ್’ಗೂ ಅದನ್ನೇ ಕೊಟ್ಟರೆ ಮತ್ತೆ ‘ಮುಕ್ತ’ದ ಗತಿ. ಬ್ರ್ಯಾಂಚ್‌ಗೆ ರೆಂಬೆ ಆಗಬಹುದಾ? ಶಾಖೆ ಬ್ಯಾಂಕಿಗೆ ಹೋಯಿತು.

ಈ ಬಿಗಿ ಪರವಾನಗಿಗಳಿಗೆ ಒಂದು ಹೆಸರು ಬೇಕು. ಕೋಡ್ ಓದಬಹುದು, ಆದರೆ ಅದೇ ಸೇವೆಯನ್ನು ಪೈಪೋಟಿಗೆ ಮಾರುವಂತಿಲ್ಲ, ಇಂಥ ಕಟ್ಟಳೆ. ಅವರ ಕಡೆಯೂ ನ್ಯಾಯ ಇದೆ ಅನ್ನಿ. ತಾವು ಬರೆದದ್ದನ್ನು ದೊಡ್ಡ ಕ್ಲೌಡ್ ಕಂಪನಿಗಳು ಹಾಗೇ ಎತ್ತಿಕೊಂಡು ಬಾಡಿಗೆಗೆ ಬಿಡುತ್ತವೆ ಎನ್ನುವುದು ಅವರ ದೂರು. ಆದರೂ ಅದನ್ನು ‘ತೆರೆದ ಆಕರ’ ಎನ್ನಲಾಗದು. ನಾನು ಕರಡಿನಲ್ಲಿ ‘ಗಾಜಿನ ಆಕರ’ ಎಂದು ಬರೆದಿದ್ದೇನೆ, ಗಾಜಿನ ಬೀರುವಿನ ಹಾಗೆ, ನೋಡು ಮುಟ್ಟಬೇಡ. ತೂಕಗಳನ್ನಷ್ಟೇ (ಕಲಿತ ಮೇಲೆ ಉಳಿಯುವ ಸಂಖ್ಯೆಗಳನ್ನು) ಕೊಟ್ಟು, ಯಾವ ದತ್ತಾಂಶದಿಂದ ಕಲಿಸಿದೆವೆಂದು ಹೇಳದ ಎಐ ಮಾದರಿಗಳು ಇದಕ್ಕಿಂತ ಭಿನ್ನ. ಅವನ್ನು ಬಳಸಬಹುದು, ಒಳಗೇನಿದೆ ಎಂದು ಮಾತ್ರ ತಿಳಿಯದು. ಅವಕ್ಕೆ ಗಾಜೂ ಇಲ್ಲ. ಅದಕ್ಕೆ ಇನ್ನೂ ಪದ ಸಿಕ್ಕಿಲ್ಲ.

ಕೊನೆಯದು ಸ್ವಲ್ಪ ಮುಜುಗರದ್ದು. ಲೇಖಕ ಕೋರಿ ಡಾಕ್ಟರೋ 2022ರಲ್ಲಿ ಟಂಕಿಸಿದ ‘ಎನ್‌ಶಿಟಿಫಿಕೇಶನ್’ ಎಂಬ ಪದ ನನ್ನ ಲೇಖನದಲ್ಲಿ ಹನ್ನೊಂದು ಕಡೆ ಬರುತ್ತದೆ. ಒಂದು ತಾಣ ಮೊದಲು ಬಳಕೆದಾರರನ್ನು ಓಲೈಸುತ್ತದೆ, ಅವರು ಸಿಕ್ಕಿಕೊಂಡ ಮೇಲೆ ಅವರನ್ನು ಹಿಂಡಿ ಜಾಹೀರಾತಿನವರನ್ನು ಓಲೈಸುತ್ತದೆ, ಆಮೇಲೆ ಅವರನ್ನೂ ಹಿಂಡಿ ಎಲ್ಲ ತಾನೇ ನುಂಗುತ್ತದೆ. ‘ಅಧಃಪತನ’ ಎಂದರೆ ಪುರಾಣ ಹೇಳಿದ ಹಾಗಾಗುತ್ತದೆ. ತಾನಾಗಿ ಕೆಡುವುದಲ್ಲ, ಬೇಕೆಂದೇ ಕೆಡಿಸುವುದು. ಮೂಲದ ಒರಟುತನವೂ ಉಳಿಯಬೇಕು. ನನಗೆ ತೋಚಿದ್ದು ‘ಎಕ್ಕುಟ್ಟಿಸು’, ‘ಎಕ್ಕುಟ್ಟಿಸುವಿಕೆ’. ಎಕ್ಕುಟ್ಟಿ ಹೋಯಿತು ಎನ್ನುವ ಮಾತು ನಿಮ್ಮೆಲ್ಲರ ಬಳಕೆಯಲ್ಲೂ ಇದೆಯಾ? ಅಚ್ಚಿನಲ್ಲಿ ಬಂದರೆ ಓದುವವರು ಮುಖ ಸಿಂಡರಿಸುತ್ತಾರಾ? ಈ ತಿಂಗಳ ಕೊನೆಗೆ ಕರಡು ಕೊಡಬೇಕು. ಬೇರೆಲ್ಲ ತಡವಾದರೂ ಪರವಾಗಿಲ್ಲ, ‘ಹಂಗಿಲ್ಲದ’ ಮತ್ತು ‘ಎಕ್ಕುಟ್ಟಿಸು’ ಎರಡಕ್ಕೆ ಮಾತ್ರ ಬೇಗ ಹೇಳಿ.