ಬಡಾವಣೆಗೆ ನೀರು, ಒಳಚರಂಡಿ: ‘ಅನುಮೋದನೆ’ ಎಂಬ ಒಂದೇ ಪದ ಎಷ್ಟು ಕೆಲಸ ಮಾಡಬೇಕು?

ಮಾನ್ಯರೇ,

ಹೊಸ ಬಡಾವಣೆಗಳಿಗೂ ಬಹುಮಹಡಿ ಕಟ್ಟಡಗಳಿಗೂ ನೀರಿನ ಮತ್ತು ಒಳಚರಂಡಿಯ ಸೇವೆಯನ್ನು ಪಡೆಯುವ ಕ್ರಮವನ್ನು ವಿವರಿಸುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವ ಕೆಲಸ ಕೆಲವು ತಿಂಗಳಿಂದ ನನ್ನ ಕೈಯಲ್ಲಿದೆ. ಯಂತ್ರ, ಉಪಕರಣಗಳ ಹೆಸರುಗಳು ತೊಡಕಾದಾವು ಎಂದು ಮೊದಲು ಎಣಿಸಿದ್ದೆ. ಆದರೆ ಪಂಪ್, ವಾಲ್ವ್, ಮೀಟರ್ ಮುಂತಾದವು ಇದ್ದ ಹಾಗೆಯೇ ಬಂದು ಕನ್ನಡ ವಾಕ್ಯದಲ್ಲಿ ಕುಳಿತವು. ತೊಡಕಾದದ್ದು ಅನುಮೋದನೆ, ಒಳಚರಂಡಿ, ಸಾಮರ್ಥ್ಯ, ಕೊನೆಗೆ ‘ಬಹುದು’ ಎಂಬ ಕ್ರಿಯಾರೂಪ, ಹೀಗೆ ಯಾರೂ ನಿಘಂಟು ತೆರೆದು ನೋಡದ ಪದಗಳು. ಇವುಗಳ ಬಗೆಗೆ ನನಗೆ ತೋಚಿದ್ದನ್ನು ಬರೆಯುತ್ತಿದ್ದೇನೆ. ಕಚೇರಿಯ ಕನ್ನಡವನ್ನೂ ಕೊಳವೆ ಕೆಲಸದವರ ಕನ್ನಡವನ್ನೂ ಬಲ್ಲವರು ತಿದ್ದಬೇಕೆಂದು ಕೋರುತ್ತೇನೆ.

ಮೊದಲು ಅನುಮೋದನೆ. ಒಂದು ಬಡಾವಣೆಗೆ ನೀರು ಬರುವ ಮುನ್ನ ನೀರು ಪೂರೈಸುವ ಸಂಸ್ಥೆ ಒಂದಲ್ಲ, ಐದು ಬೇರೆ ಬೇರೆ ಮಾತುಗಳನ್ನು ಹೇಳಬೇಕಾಗುತ್ತದೆ. ಆ ಜಾಗಕ್ಕೆ ಸೇವೆಯನ್ನು ಒದಗಿಸಲು ಸಾಧ್ಯವೇ ಎಂಬುದನ್ನು ಅದು ಆರಂಭದಲ್ಲಿ ಪರಿಶೀಲಿಸುತ್ತದೆ: ಹತ್ತಿರದ ಮುಖ್ಯ ಕೊಳವೆಯಲ್ಲಿ ಒತ್ತಡ ಎಷ್ಟಿದೆ, ಬೆಂಕಿ ಬಿದ್ದಾಗ ಬೇಕಾಗುವ ಹೆಚ್ಚುವರಿ ಹರಿವು ದೊರೆಯುವುದೇ, ಕೆಳಗಿನ ಒಳಚರಂಡಿ ಕೊಳವೆಯೂ ಶುದ್ಧೀಕರಣ ಘಟಕವೂ ಇನ್ನಷ್ಟು ಹೊರೆಯನ್ನು ತಾಳುವುವೇ ಎಂದು ನೋಡಿ, ಸಾಧ್ಯವಿದ್ದರೆ ಹಾಗೆಂದು ಪತ್ರ ಕೊಡುತ್ತದೆ. ಅನಂತರ ಅರ್ಜಿದಾರರ ಎಂಜಿನಿಯರು ತಯಾರಿಸಿದ ನಕ್ಷೆಗಳನ್ನು ಪರೀಕ್ಷಿಸಿ ಸರಿಯೆನ್ನುತ್ತದೆ. ಮೂರನೆಯದಾಗಿ, ಶುಲ್ಕ ಕಟ್ಟಿಸಿಕೊಂಡು, ಸಾಮಾನ್ಯವಾಗಿ ಒಂದು ಅವಧಿಯನ್ನೂ ಗೊತ್ತುಮಾಡಿ, ಇಷ್ಟು ನೀರು, ಇಷ್ಟು ಕೊಳಚೆ ನೀರು ಎಂದು ಆ ಬಡಾವಣೆಗೆ ತೆಗೆದಿರಿಸುತ್ತದೆ. ನಾಲ್ಕನೆಯದಾಗಿ, ಬಡಾವಣೆ ಮಾಡುವವರು ತಮ್ಮ ಖರ್ಚಿನಲ್ಲಿ ಹಾಕಿಸಿದ ಕೊಳವೆಗಳ ಒತ್ತಡ ಪರೀಕ್ಷೆ, ಕ್ಲೋರಿನ್ ನೀರು ತುಂಬಿ ನಿಲ್ಲಿಸಿ ಮಾಡುವ ಸೋಂಕು ನಿವಾರಣೆ, ಅದಾದ ಮೇಲಿನ ರೋಗಾಣು ಪರೀಕ್ಷೆ ಎಲ್ಲವೂ ಮುಗಿದ ಮೇಲೆ ಅವುಗಳನ್ನು ತನ್ನದಾಗಿಸಿಕೊಳ್ಳುತ್ತದೆ. ಕಟ್ಟಕಡೆಗೆ ಒಂದೊಂದು ಮನೆಯನ್ನೂ ಬೀದಿಯ ಕೊಳವೆಗೆ ಜೋಡಿಸಲು ಬಿಡುತ್ತದೆ.

ಈ ಐದಕ್ಕೂ ಇಂಗ್ಲಿಷಿನಲ್ಲಿ ಐದು ಪದಗಳಿವೆ. ನನ್ನ ಮೊದಲ ಕರಡಿನಲ್ಲಿ ಐದೂ ಕಡೆ ‘ಅನುಮೋದನೆ’ಯೇ ಇತ್ತು. ಇದು ಕೇವಲ ಶೈಲಿಯ ದೋಷವಲ್ಲ. ‘ಈ ಬಡಾವಣೆಗೆ ನೀರಿನ ಅನುಮೋದನೆ ದೊರೆತಿದೆ’ ಎಂಬ ವಾಕ್ಯವನ್ನು ನಿವೇಶನ ಕೊಳ್ಳುವವರು ಓದಿದರೆ, ನಾಳೆ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ ಎಂದೇ ತಿಳಿಯುತ್ತಾರೆ. ದೊರೆತಿರುವುದು ಮಾತ್ರ ಮೊದಲನೆಯ ಪತ್ರವಾಗಿರಬಹುದು. ಅದರಲ್ಲಿ ಒಂದು ಹನಿ ನೀರೂ ಯಾರ ಹೆಸರಿಗೂ ಬಿದ್ದಿರುವುದಿಲ್ಲ. ಹೇಳಿದವರು ಸುಳ್ಳು ಹೇಳಿಲ್ಲ, ಕೇಳಿದವರು ತಪ್ಪು ಕೇಳಿಲ್ಲ. ನಡುವಿನ ಪದ ಮಾತ್ರ ಸಡಿಲವಾಗಿದೆ.

ಕನ್ನಡದಲ್ಲಿ ಪದಗಳ ಕೊರತೆಯೇನೂ ಇಲ್ಲ. ಅನುಮತಿ, ಅನುಮೋದನೆ, ಮಂಜೂರಾತಿ, ಸಮ್ಮತಿ, ಒಪ್ಪಿಗೆ, ಅಂಗೀಕಾರ, ಸ್ವೀಕಾರ ಎಲ್ಲವೂ ಬಳಕೆಯಲ್ಲಿವೆ. ಇವು ಯಾವ ನಾಮಪದದ ಜೊತೆಗೆ ಹೋಗುತ್ತವೆ ಎಂದು ಗಮನಿಸಿದರೆ ಒಂದಕ್ಕೊಂದು ಇರುವ ಅಂತರ ತಾನಾಗಿಯೇ ಕಾಣುತ್ತದೆ. ಮಾಡುವ ಮುಂಚೆ ಕೇಳುವುದು ಅನುಮತಿ. ಒಳಗೆ ಬರಲು, ರಸ್ತೆ ಅಗೆಯಲು ನಾವು ಕೇಳುವುದು ಅದನ್ನೇ. ಆಗಲೇ ಸಿದ್ಧವಾಗಿರುವ ನಕ್ಷೆ, ಆಯವ್ಯಯ, ಸಭೆಯ ನಡವಳಿಗಳ ಮೇಲೆ ಬೀಳುವುದು ಅನುಮೋದನೆ. ಈ ಪದದೊಳಗಿನ ಧಾತುವಿಗೆ ಸಂತೋಷಪಡುವುದೆಂಬ ಅರ್ಥವಿದೆ. ಅನುಮೋದಿಸುವವನು ಮೂಲಾರ್ಥದಲ್ಲಿ ಜೊತೆಗೂಡಿ ಹಿಗ್ಗುವವನು. ಕಡತ ನೋಡುವವರ ಮುಖದಲ್ಲಿ ಆ ಹಿಗ್ಗು ನನಗೆ ಎಂದೂ ಕಂಡಿಲ್ಲ, ಇರಲಿ. ಮಂಜೂರು ಅರಬ್ಬಿಯಿಂದ ಬಂದದ್ದು. ನಜರು ಎಂಬ ಪದವೂ ಅದೇ ಬೇರಿನದಾದ್ದರಿಂದ ‘ನೋಡಲ್ಪಟ್ಟದ್ದು’ ಎಂಬುದು ಅದರ ಹುಟ್ಟರ್ಥ. ಬಳಕೆಯಲ್ಲಿ ಅದು ಜಮೀನು, ಸಾಲ, ರಜೆ, ಪಿಂಚಣಿಗಳಂತೆ ಅಳೆದು ಕೊಡುವ ವಸ್ತುಗಳಿಗೆ ಅಂಟಿಕೊಂಡಿದೆ. ಈಚೆಗೆ ‘ರಜೆ ಅನುಮೋದನೆಯಾಯಿತು’ ಎಂಬ ಮಾತು ಕಿವಿಗೆ ಬೀಳುತ್ತಿದೆ. ಅದು ಗಣಕದ ಪರದೆಯಿಂದ ಇಳಿದು ಬಂದ ಕನ್ನಡವೆಂದು ನನ್ನ ಗುಮಾನಿ.

ಈ ಜಾಡನ್ನೇ ಹಿಡಿದರೆ ನಕ್ಷೆಗೆ ಅನುಮೋದನೆ, ತೆಗೆದಿರಿಸಿದ ನೀರಿಗೆ ಮಂಜೂರಾತಿ, ಮನೆಯ ಜೋಡಣೆಗೆ ಅನುಮತಿ ಎಂದು ಹಂಚಬಹುದೆಂದು ನನ್ನ ಅಭಿಪ್ರಾಯ. ಯಾವುದನ್ನೂ ಹೊಸದಾಗಿ ಟಂಕಿಸಬೇಕಿಲ್ಲ.

ಉಳಿದದ್ದು ನಾಲ್ಕನೆಯದು, ಕೊಳವೆಗಳನ್ನು ಸಂಸ್ಥೆ ತನ್ನದಾಗಿಸಿಕೊಳ್ಳುವುದು. ಇಲ್ಲಿ ‘ಹಸ್ತಾಂತರ’ ಎಂಬ ಪದ ಎಲ್ಲೆಡೆ ಓಡಾಡುತ್ತಿದೆ. ಆದರೆ ಹಸ್ತಾಂತರವನ್ನು ವಾಕ್ಯದಲ್ಲಿ ನಾವು ಕೊಡುವವನ ಕೆಲಸವಾಗಿ ಹೇಳುತ್ತೇವೆಯೇ ಹೊರತು ತೆಗೆದುಕೊಳ್ಳುವವನ ಕೆಲಸವಾಗಿ ಅಲ್ಲ: ‘ಬಡಾವಣೆಯನ್ನು ಹಸ್ತಾಂತರಿಸಲಾಗಿದೆ’ ಎಂದು ಕೊಟ್ಟವರು ಹೇಳಿದ ಮಾತ್ರಕ್ಕೆ ಅದನ್ನು ಇನ್ನೊಬ್ಬರು ತೆಗೆದುಕೊಂಡರೆಂದು ಆಗುವುದಿಲ್ಲ. ಈ ಎರಡರ ನಡುವಿನ ಕಾಲದಲ್ಲಿ ಕೊಳವೆ ಒಡೆದರೆ ಅದನ್ನು ದುರಸ್ತಿ ಮಾಡುವ ಹೊಣೆ ಯಾರದು ಎಂಬ ಜಗಳ ಹುಟ್ಟುವುದೇ ಇಲ್ಲಿಂದ. ಆದ್ದರಿಂದ ಪಡೆಯುವವರ ಕಡೆಯಿಂದ ಹೇಳುವ ಪದವೊಂದು ಬೇಕು. ‘ಸ್ವೀಕಾರ’ ಆಗಬಹುದು, ಆದರೆ ಅದರಲ್ಲಿ ಅರ್ಜಿ ಸ್ವೀಕರಿಸಿದ ಮುದ್ರೆಯ ವಾಸನೆಯಿದೆ. ಕೈಗೆ ತೆಗೆದುಕೊಂಡರು, ಒಪ್ಪಿದರೋ ಇಲ್ಲವೋ ತಿಳಿಯದು. ‘ಅಂಗೀಕಾರ’ ನನಗೆ ಹೆಚ್ಚು ಹಿಡಿಸಿದೆ. ಅಂಗವಾಗಿ ಮಾಡಿಕೊಳ್ಳುವುದು ಅದರ ಹುಟ್ಟರ್ಥ. ಬಡಾವಣೆಯ ಕೊಳವೆ ಊರಿನ ಕೊಳವೆಜಾಲದ ಅಂಗವಾಗುವ ಗಳಿಗೆಗೆ ಇದಕ್ಕಿಂತ ಒಪ್ಪುವ ಪದ ನನಗೆ ಸಿಕ್ಕಿಲ್ಲ. ಮಸೂದೆಗಳ ಜೊತೆಗೆ ಬಳಸಿ ಬಳಸಿ ಅದು ಶಾಸನಸಭೆಯ ಪದವಾಗಿಬಿಟ್ಟಿದೆ ಎಂಬ ಆಕ್ಷೇಪ ಬಂದರೆ ಅದನ್ನು ನಾನು ತಳ್ಳಿಹಾಕಲಾರೆ.

ಇನ್ನು ಮೊದಲನೆಯ ಪತ್ರ. ಇದಕ್ಕೆ ‘ನಿರಾಕ್ಷೇಪಣಾ ಪತ್ರ’ ಎಂಬ ಹೆಸರೂ ಉಂಟು, ‘ಲಭ್ಯತಾ ಪತ್ರ’ ಎಂಬುದೂ ಉಂಟು. ಇವೆರಡೂ ಒಂದೇ ಅಲ್ಲ. ಆಕ್ಷೇಪಣೆ ಇಲ್ಲವೆಂದರೆ ನೀವು ಕಟ್ಟಿಕೊಂಡರೆ ನಮ್ಮ ಅಡ್ಡಿಯಿಲ್ಲ ಎಂದಷ್ಟೇ ಆಯಿತು. ನೀರು ಇದೆ ಎಂದಾಗಲಿಲ್ಲ. ಲಭ್ಯತೆ ಎಂದರೆ ಇದೆ ಎಂದಾಯಿತು; ನಿಮಗೆ ಎಂದಾಗಲಿಲ್ಲ. ಹೆಸರಿಗಿಂತ ಪತ್ರದೊಳಗಿನ ಕ್ರಿಯಾಪದ ನನ್ನನ್ನು ಹೆಚ್ಚು ಕಾಡಿದೆ. ‘ಸದರಿ ಬಡಾವಣೆಗೆ ನೀರು ಮತ್ತು ಒಳಚರಂಡಿ ಸೇವೆಯನ್ನು ಒದಗಿಸಬಹುದಾಗಿದೆ’ ಎಂದು ನಾನು ಬರೆದಿದ್ದೆ. ಅದನ್ನು ಓದಿದ ಮೂವರು ಗೆಳೆಯರು ಮೂರು ಅರ್ಥ ಹೇಳಿದರು: ಒದಗಿಸಲು ಶಕ್ತಿಯಿದೆ, ಒದಗಿಸಲು ಅನುಮತಿಯಿದೆ, ಒದಗಿಸಿದರೂ ಒದಗಿಸಿಯಾರು.

ಮೂವರೂ ಸರಿ. ‘ಬಹುದು’ ಎಂಬುದು ‘ಬರು’ ಧಾತುವಿನ ‘ಬರ್ಪುದು’ ಎಂಬ ಹಳೆಯ ರೂಪದಿಂದ ಸವೆದು ಬಂದದ್ದು. ‘ಈಗ ಹೋಗಬಹುದು’ ಎಂದರೆ ಅನುಮತಿ, ‘ಮಳೆ ಬರಬಹುದು’ ಎಂದರೆ ಸಂಭವ. ದಿನದ ಮಾತಿನಲ್ಲಿ ಸಂದರ್ಭವೇ ಅರ್ಥವನ್ನು ಗೊತ್ತುಮಾಡುತ್ತದೆ, ತೊಂದರೆಯಿಲ್ಲ. ಸಾಲ ಕೊಡುವವರೂ ಮನೆ ಕೊಳ್ಳುವವರೂ ನೆಚ್ಚಿಕೊಳ್ಳುವ ಪತ್ರದಲ್ಲಿ ಸಂದರ್ಭಕ್ಕೆ ಅಷ್ಟು ಭಾರ ಹೊರಿಸುವುದು ಸರಿಯಲ್ಲ. ಶಕ್ತಿಯನ್ನು ಮಾತ್ರ ಹೇಳಬೇಕಾದ ಕಡೆ ಕನ್ನಡದಲ್ಲಿ ‘ಬಲ್ಲ’ ಇದ್ದೇ ಇದೆ: ‘ಸಂಸ್ಥೆಯು ಈ ಪತ್ರದ ದಿನಾಂಕದಂದು ಇರುವ ಸ್ಥಿತಿಯಲ್ಲಿ ಸೇವೆಯನ್ನು ಒದಗಿಸಬಲ್ಲದು’ ಎಂದರೆ ಸಂಶಯಕ್ಕೆ ಎಡೆಯಿಲ್ಲ, ಭರವಸೆಯೂ ಇಲ್ಲ. ಭರವಸೆಯನ್ನೇ ಕೊಡುವುದಾದರೆ ‘ಒದಗಿಸುವುದು’ ಅಥವಾ ‘ಒದಗಿಸತಕ್ಕದ್ದು’ ಎನ್ನಬೇಕು. ‘ಬಲ್ಲದು’ ಎಂಬ ರೂಪ ಕಚೇರಿಯ ಪತ್ರಕ್ಕೆ ತೀರ ಸಾಹಿತ್ಯಿಕವಾಯಿತು ಎಂದು ಒಬ್ಬ ಗೆಳೆಯರು ಹೇಳಿದರು. ಹಾಗೆ ನಿಮಗೂ ಅನ್ನಿಸುತ್ತದೆಯೇ? ನಿಷೇಧದಲ್ಲಿ ಈ ತೊಡಕಿಲ್ಲ ಎಂಬುದು ಸಮಾಧಾನ. ಕೂಡುವುದೆಂದರೆ ಸೇರುವುದು, ಆದ್ದರಿಂದ ಕೊಳವೆಗೆ ಕೊಳವೆ ಸೇರಿಸುವ ನಿಯಮಗಳಲ್ಲಿ ‘ಜೋಡಿಸಕೂಡದು’ ಎಂದು ಬರೆಯುವಾಗಲೆಲ್ಲ ಭಾಷೆಯೇ ಶ್ಲೇಷೆ ಮಾಡುತ್ತಿದೆಯೇನೋ ಎನ್ನಿಸುತ್ತದೆ.

ಎಲ್ಲಕ್ಕಿಂತ ಅಪಾಯಕಾರಿಯಾದ ತಪ್ಪನ್ನು ನಾನು ಮಾಡಿದ್ದು ಚರಂಡಿಯಲ್ಲಿ. ಚಾವಣಿಯ ಮೇಲೆ ಬಿದ್ದ ಮಳೆನೀರನ್ನು ಮನೆಯ ಕೊಳಚೆ ಹರಿಯುವ ಕೊಳವೆಗೆ ಬಿಡಬಾರದೆಂಬುದು ಮೂಲದ ನಿಯಮ. ಆ ಕೊಳವೆಯ ಗಾತ್ರವನ್ನು ಮನೆಗಳಿಂದ ಬರುವ ನೀರಿನ ಲೆಕ್ಕದಲ್ಲಿ ನಿಗದಿ ಮಾಡಿರುತ್ತಾರೆ. ಒಂದು ಜೋರು ಮಳೆ ಅದರೊಳಗೆ ನುಗ್ಗಿದರೆ ಆಳುಗುಂಡಿಗಳ (ಮ್ಯಾನ್‌ಹೋಲ್‌ಗಳ) ಮುಚ್ಚಳ ಎದ್ದು ಕೊಳಚೆಯೆಲ್ಲ ಬೀದಿಗೆ ಬರುತ್ತದೆ. ಎರಡನ್ನೂ ಒಂದೇ ಕೊಳವೆಯಲ್ಲಿ ಹರಿಸುವ ಹಳೆಯ ಪದ್ಧತಿ ಕೆಲವು ನಗರಗಳ ಹಳೆಯ ಭಾಗಗಳಲ್ಲಿದೆ, ಆದರೆ ಈ ಕೈಪಿಡಿ ಅದರ ಬಗೆಗಿನದಲ್ಲ. ನಾನು ಬರೆದದ್ದು: ‘ಮಳೆನೀರನ್ನು ಚರಂಡಿಗೆ ಬಿಡತಕ್ಕದ್ದಲ್ಲ.’ ಕನ್ನಡಿಗರ ಕಣ್ಣಿಗೆ ಚರಂಡಿಯೆಂದರೆ ರಸ್ತೆಯ ಪಕ್ಕದ ತೆರೆದ ಕಾಲುವೆ, ಮಳೆನೀರು ಹೋಗಬೇಕಾದ ಜಾಗವೇ ಅದು. ವಾಕ್ಯವನ್ನು ಅಕ್ಷರಶಃ ಪಾಲಿಸಿದವರು ಮಳೆನೀರನ್ನು ಅಲ್ಲಿಗೆ ಬಿಡದೆ, ಬೇರೆ ದಾರಿ ಕಾಣದೆ, ನೆಲದಡಿಯ ಕೊಳವೆಗೇ ಬಿಟ್ಟಾರು. ನಿಯಮ ಪೂರ್ತಿ ತಿರುಗುಮುರುಗಾಯಿತು. ಕರಡನ್ನು ನೋಡಿದ ಕೊಳವೆ ಕೆಲಸದ ಮೇಸ್ತ್ರಿಯೊಬ್ಬರು ಇದನ್ನು ಹಿಡಿದರು. ಅದಕ್ಕೂ ಮುಂಚೆ ಓದಿದ ವಿದ್ವಾಂಸರು ಯಾರೂ ಹಿಡಿದಿರಲಿಲ್ಲ.

‘ಒಳ’ ಸೇರಿಸಿ ಒಳಚರಂಡಿ ಎಂದರೂ ಗೊಂದಲ ಪೂರ್ತಿ ಹೋಗುವುದಿಲ್ಲ. ಇಲ್ಲಿಯ ‘ಒಳ’ಕ್ಕೆ ನೆಲದೊಳಗಿನ ಎಂಬ ಅರ್ಥ ಉದ್ದೇಶಿತ. ಆದರೆ ‘ಕಟ್ಟಡದ ಒಳಚರಂಡಿ’ ಎಂದೊಡನೆ ಅದು ಮನೆಯೊಳಗಿನ ಕೊಳವೆಯಾಗಿಬಿಡುತ್ತದೆ. ಈ ಅನುಮಾನವನ್ನು ಕಳೆಯಲು ಕೆಲವರು ‘ಭೂಗತ ಒಳಚರಂಡಿ’ ಎಂದು ಬರೆದು ನೆಲದೊಳಗಿನದನ್ನು ಎರಡು ಸಲ ಹೂಳುತ್ತಾರೆ. ಮೇಲಾಗಿ ಇಂಗ್ಲಿಷಿನಲ್ಲಿ ಕೊಳವೆಗೆ ಸೂವರ್, ಅದರಲ್ಲಿ ಹರಿಯುವುದಕ್ಕೆ ಸೂವೇಜ್, ಇಡೀ ವ್ಯವಸ್ಥೆಗೆ ಸೂವರೇಜ್ ಎಂಬ ಮೂರು ರೂಪಗಳಿದ್ದರೆ, ನಮ್ಮಲ್ಲಿ ‘ಒಳಚರಂಡಿ ಹಾಕಿದರು’, ‘ಒಳಚರಂಡಿ ಉಕ್ಕಿತು’, ‘ಒಳಚರಂಡಿ ಯೋಜನೆ’ ಎಂದು ಒಂದೇ ಪದ ಮೂರನ್ನೂ ಹೊರುತ್ತಿದೆ. ಕೊಳವೆಗೆ ಒಳಚರಂಡಿ ಕೊಳವೆ, ಒಳಗಿನದಕ್ಕೆ ಕೊಳಚೆ ನೀರು, ಇಡಿಯದಕ್ಕೆ ಒಳಚರಂಡಿ ವ್ಯವಸ್ಥೆ ಎಂದು ಪ್ರತಿ ಸಲವೂ ಬಿಡಿಸಿ ಬರೆಯುವುದೆಂದು ಸದ್ಯಕ್ಕೆ ನಿಶ್ಚಯಿಸಿದ್ದೇನೆ. ಸೂವರ್ ಎಂಬುದರ ಹುಟ್ಟು ಹುಡುಕಿದಾಗ ಒಂದು ಸಂಗತಿ ಖುಷಿ ಕೊಟ್ಟಿತು: ಹಳೆಯ ಫ್ರೆಂಚಿನಲ್ಲಿ ಅದು ಕೊಳದ ಹೆಚ್ಚುವರಿ ನೀರನ್ನು ಹೊರಗೆ ಬಿಡುವ ದಾರಿಯ ಹೆಸರು. ಅಂದರೆ ನಮ್ಮ ಕೋಡಿ.

ನಿಘಂಟಿನ ಸಹಾಯದಿಂದಲೇ ಆದ ಇನ್ನೆರಡು ಅನಾಹುತಗಳನ್ನೂ ಹೇಳಬೇಕು. ಕೊಳವೆಯಲ್ಲಿ ಹರಿವು ಸೆಕೆಂಡಿಗೆ ಸುಮಾರು 0.6 ಮೀಟರಿನಷ್ಟಾದರೂ ವೇಗವಾಗಿರಬೇಕು, ಇಲ್ಲವಾದರೆ ಘನಪದಾರ್ಥ ತಳದಲ್ಲಿ ಕುಳಿತುಬಿಡುತ್ತದೆ. ಈ ವೇಗಕ್ಕೆ ‘ಸ್ವಯಂ ಶುದ್ಧೀಕರಣ ವೇಗ’ ಎಂಬ ಅನುವಾದ ಕಂಡೆ. ಓದಿದರೆ ಕೊಳಚೆ ನೀರು ಓಡುತ್ತಲೇ ಶುದ್ಧವಾಗುತ್ತದೆ ಎಂದು ತೋರುತ್ತದೆ! ತೊಳೆದುಕೊಳ್ಳುವುದು ಕೊಳವೆ, ನೀರಲ್ಲ. ಕೆರೆಯ ಮಾತಿನಿಂದ ಹೂಳನ್ನು ಕಡ ತಂದು ‘ಹೂಳು ಕೂರದ ವೇಗ’ ಎಂದು ಬರೆದಿದ್ದೇನೆ. ಹಾಗೆಯೇ ಕೊಳವೆಯ ಒಳಮೈಯ ಅತಿ ಕೆಳಗಿನ ಬಿಂದುವಿನ ಎತ್ತರಕ್ಕೆ ಇಂಗ್ಲಿಷಿನಲ್ಲಿರುವ ‘ಇನ್ವರ್ಟ್ ಲೆವೆಲ್’ ಎಂಬುದನ್ನು ‘ವಿಲೋಮ ಮಟ್ಟ’ ಎಂದು ಒಂದೆಡೆ ಮಾಡಿದ್ದರು. ‘ತಳಮಟ್ಟ’ ಎಂದರೆ ಸಾಕಲ್ಲವೇ? ನಿವೇಶನ ಬೀದಿಯ ಕೊಳವೆಯ ತಳಮಟ್ಟಕ್ಕಿಂತ ತಗ್ಗಿನಲ್ಲಿದ್ದರೆ ನೀರನ್ನು ಪಂಪಿನಿಂದ ಎತ್ತಿ ಹರಿಸಬೇಕು. ಆ ಎತ್ತುವ ಜಾಗಕ್ಕೆ ‘ಏತ ಘಟಕ’ ಎಂದಿದ್ದೇನೆ. ಏತ ನೀರಾವರಿಯಲ್ಲಿ ಆ ಹಳೆಯ ಪದ ಇನ್ನೂ ಜೀವಂತವಾಗಿರುವುದರಿಂದ ಓದುಗರಿಗೆ ಕಷ್ಟವಾಗಲಾರದು. ಸ್ನಾನದ, ಬಟ್ಟೆ ಒಗೆದ ನೀರಿಗೆ ‘ಬೂದುನೀರು’ ಎಂಬ ಹೊಸ ಪದ ಓಡಾಡುತ್ತಿದೆ. ‘ಬಚ್ಚಲ ನೀರು’ ಇರುವಾಗ ಅದಕ್ಕೆ ಬೂದಿ ಬಳಿಯುವ ಅಗತ್ಯ ನನಗೆ ಕಾಣುವುದಿಲ್ಲ.

ಸಾಮರ್ಥ್ಯದ ವಿಷಯದಲ್ಲಿ ಮಾತ್ರ ನಾನು ಇನ್ನೂ ಗಟ್ಟಿ ನಿಲುವಿಗೆ ಬಂದಿಲ್ಲ. ಶುದ್ಧೀಕರಣ ಘಟಕದ ಸಾಮರ್ಥ್ಯ ದಿನಕ್ಕೆ ಇಷ್ಟು ಲೀಟರ್ ಎಂಬ ಮಾತು ಸರಿಯೇ. ಆದರೆ ಅದರಲ್ಲಿ ಒಂದು ಬಡಾವಣೆಗೆ ತೆಗೆದಿರಿಸಿದ್ದನ್ನು ‘ಕಾಯ್ದಿರಿಸಿದ ಸಾಮರ್ಥ್ಯ’ ಎಂದರೆ ರೈಲಿನ ಆಸನದಂತೆ ಕೇಳುತ್ತದೆ. ‘ಹಂಚಿಕೆ’ ಎಂದರೆ ಕೊಟ್ಟಾಯಿತು, ಹಿಂದೆ ಬರುವುದಿಲ್ಲ ಎಂಬ ಧ್ವನಿ ಬರುತ್ತದೆ. ‘ಪಾಲು’ ಎಂಬ ಚಿಕ್ಕ ಪದ ನನಗೆ ಇಷ್ಟ: ‘ಮಂಜೂರಾದ ಪಾಲನ್ನು ಗೊತ್ತಾದ ಅವಧಿಯಲ್ಲಿ ಬಳಸದಿದ್ದರೆ ಅದು ರದ್ದಾಗುತ್ತದೆ.’ ಪಾಲಿಗೆ ಆಸ್ತಿಹಕ್ಕಿನ ನೆರಳಿದೆ, ರದ್ದಾಗುವ ಪಾಲನ್ನು ಯಾರೂ ಒಪ್ಪರು ಎಂಬುದು ವಕೀಲ ಮಿತ್ರರೊಬ್ಬರ ವಾದ.

ಕೊನೆಯದಾಗಿ, ನನಗೆ ಉತ್ತರವೇ ಸಿಗದ ಒಂದು ಪ್ರಶ್ನೆ. ಮನೆಯ ಗೋಡೆಯಿಂದ ಬೀದಿಯ ನಡುವಿನ ಒಳಚರಂಡಿ ಕೊಳವೆಯವರೆಗೆ ಹೋಗುವ ಆ ಕೆಲವು ಮಾರುದ್ದದ ತುಂಡಿಗೆ ಕನ್ನಡದಲ್ಲಿ ಏನು ಹೆಸರು? ‘ಪಾರ್ಶ್ವ ಕೊಳವೆ’ ಎಂದು ಅನುವಾದಿಸಿದವರಿದ್ದಾರೆ. ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಆ ಪದ ಹೇಳುವುದಿಲ್ಲ. ‘ಕವಲು ಕೊಳವೆ’ ಎಂದರೆ ನೀರು ಬೀದಿಯಿಂದ ಮನೆಗೆ ಕವಲೊಡೆದಂತಾಗುತ್ತದೆ, ಇಲ್ಲಿ ಹರಿವು ಅದಕ್ಕೆ ವಿರುದ್ಧ. ಕಟ್ಟಿಕೊಂಡಾಗ ಅದನ್ನು ಸರಿಪಡಿಸುವ ಹೊಣೆ ಮನೆಯವರದೋ ಸಂಸ್ಥೆಯದೋ ಎಂಬುದು ಒಂದೊಂದು ಕಡೆ ಒಂದೊಂದು ಬಗೆಯಾಗಿರುವುದರಿಂದ, ಯಾರ ಒಡೆತನವನ್ನೂ ಸೂಚಿಸದ ಹೆಸರು ಬೇಕು. ನೆಲ ಅಗೆದು ಆ ತುಂಡನ್ನು ಕೂರಿಸುವ ಕೆಲಸಗಾರರು ಅದನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿಬಲ್ಲವರು ದಯವಿಟ್ಟು ಬರೆಯಿರಿ.