ಬಾದಾಮಿಯ ಮಂಗಗಳು ಒಂದಕ್ಕೊಂದು ಹೇನು ನೋಡುವುದರ ಹಿಂದೆ ಏನಿದೆ?

ಪ್ರಶ್ನೆ (ಬಾದಾಮಿಯಿಂದ):
ಅಗಸ್ತ್ಯತೀರ್ಥದ ಮೆಟ್ಟಿಲುಗಳ ಮೇಲೆ ಬಿಸಿಲು ಇಳಿಯುವ ಹೊತ್ತಿಗೆ ಮಂಗಗಳು ಕುಳಿತು ಒಂದರ ಮೈಗೂದಲನ್ನು ಮತ್ತೊಂದು ಬಿಡಿಸಿ ನೋಡುವುದನ್ನು ಚಿಕ್ಕಂದಿನಿಂದಲೂ ಕಂಡಿದ್ದೇನೆ. ಕಳೆದ ವಾರ ಎರಡು ಹೆಣ್ಣು ಮಂಗಗಳು ಹೀಗೆ ಕುಳಿತಿದ್ದಾಗ ಮೂರನೆಯ ಹೆಣ್ಣೊಂದು ಹತ್ತಿರ ಬಂದಿತು. ಅದು ಹಲ್ಲು ಕಿರಿಯಲಿಲ್ಲ, ಕೈ ಎತ್ತಲಿಲ್ಲ. ಆದರೂ ಕುಳಿತಿದ್ದ ಎರಡರಲ್ಲಿ ಒಂದು ಮಾತ್ರ ಎದ್ದು ಹೋಯಿತು, ಇನ್ನೊಂದು ಕದಲಲಿಲ್ಲ. ಹೇನು ತೆಗೆಯುವುದಷ್ಟೇ ಉದ್ದೇಶವಾಗಿದ್ದರೆ ಹೀಗೇಕೆ ನಡೆಯಬೇಕು? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ (ವಿಜಯಪುರದಿಂದ):
ತಾವು ಕಂಡದ್ದು ಬಹಳ ಮುಖ್ಯವಾದ ಸಂಗತಿ. ಬಾದಾಮಿಯ ಕೆಂಪು ಮೂತಿಯ ಮಂಗಗಳು, ನೆತ್ತಿಯ ಕೂದಲು ಟೊಪ್ಪಿಗೆಯಂತೆ ಹರಡಿರುವ ಬಾನೆಟ್ ಮಕಾಕ್ ಜಾತಿಯವು; ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲಿಯೂ ಇವುಗಳ ಮೂಲ ನೆಲೆಯಿಲ್ಲ. ಗಂಡುಗಳು ಬೆಳೆದ ಮೇಲೆ ಹಿಂಡು ಬಿಟ್ಟು ಹೋಗುತ್ತವೆ, ಹೆಣ್ಣುಗಳು ಹುಟ್ಟಿದ ಹಿಂಡಿನಲ್ಲಿಯೇ ಬಾಳುತ್ತವೆ. ಆದ್ದರಿಂದ ಅವುಗಳ ನಡುವೆ ಮೇಲು ಕೀಳಿನ ಸ್ಥಾನ ಗಟ್ಟಿಯಾಗಿ ನೆಲೆಗೊಂಡಿರುತ್ತದೆ. ವಿಜ್ಞಾನಿ ಅನಿಂದ್ಯ ಸಿನ್ಹಾ ಅವರು ಇದೇ ಜಾತಿಯ ಕಾಡು ಮಂಗಗಳಲ್ಲಿ ತಾವು ಹೇಳಿದಂತಹ ಪ್ರಸಂಗಗಳನ್ನೇ ಅಧ್ಯಯನ ಮಾಡಿ, 1998ರಲ್ಲಿ ಪ್ರಕಟಿಸಿದರು. ಮೇಲಿನ ಸ್ಥಾನದ ಹೆಣ್ಣು ಬಂದಾಗ, ಕುಳಿತಿದ್ದ ಎರಡರಲ್ಲಿ ಕೆಳಗಿನ ಸ್ಥಾನದ್ದೇ ಸಾಮಾನ್ಯವಾಗಿ ಎದ್ದು ಹೋಗುತ್ತದೆ. ಬಂದವಳಿಗಿಂತ ತಾನು ಕೆಳಗಿನವಳು ಎಂಬುದಷ್ಟೇ ಅದಕ್ಕೆ ತಿಳಿದಿದ್ದರೆ ಸಾಲದು, ಏಕೆಂದರೆ ಆ ಲೆಕ್ಕದಲ್ಲಿ ಇಬ್ಬರೂ ಏಳಬೇಕಾಗುತ್ತಿತ್ತು. ಪಕ್ಕದವಳ ಸ್ಥಾನವನ್ನೂ ಅದು ಅರಿತಿರಬೇಕು.

ಹೇನು ಮತ್ತು ಸೀರುಗಳನ್ನು ತೆಗೆಯುವುದು ನಿಜವೇ. ಆದರೆ ಈ ಸೇವೆ ಋಣವಾಗಿಯೂ ಉಳಿಯುತ್ತದೆ. ಕೆನ್ಯಾದ ಅಂಬೋಸೆಲಿಯಲ್ಲಿ ಸೇಫಾರ್ತ್ ಮತ್ತು ಚೀನಿ ಎಂಬ ಸಂಶೋಧಕರು ವರ್ವೆಟ್ ಮಂಗಗಳು ನೆರವು ಕೋರಿ ಹಾಕುವ ಕೂಗನ್ನು ಧ್ವನಿಮುದ್ರಿಸಿ ಅವುಗಳಿಗೇ ಕೇಳಿಸಿದರು. ಕೂಗಿದ್ದು ರಕ್ತಸಂಬಂಧಿಯಲ್ಲದ ಮಂಗವಾಗಿದ್ದರೂ, ಅದು ಸ್ವಲ್ಪ ಹೊತ್ತಿನ ಹಿಂದೆ ತನ್ನ ಮೈ ನೋಡಿದ್ದರೆ ಕೇಳಿದ ಮಂಗ ಆ ದಿಕ್ಕಿಗೆ ಹೆಚ್ಚು ಹೊತ್ತು ಗಮನ ಕೊಟ್ಟಿತೆಂದು 1984ರಲ್ಲಿ ವರದಿ ಮಾಡಿದರು.

ಉತ್ತರ (ಬೆಳಗಾವಿಯಿಂದ):
ಮೇಲಿನ ಗುರುಗಳ ಮಾತಿಗೆ ಒಂದನ್ನು ಸೇರಿಸುತ್ತೇನೆ. 1938ರಲ್ಲಿ ನಮ್ಮ ದೇಶದಿಂದ ನಾಲ್ಕು ನೂರರಷ್ಟು ರೀಸಸ್ ಮಂಗಗಳನ್ನು ಪೋರ್ಟೊ ರಿಕೊದ ಕಾಯೊ ಸಾಂಟಿಯಾಗೊ ಎಂಬ ನಡುಗಡ್ಡೆಗೆ ಒಯ್ದಿದ್ದರು. 2017ರ ಮಾರಿಯಾ ಚಂಡಮಾರುತ ಅಲ್ಲಿನ ಗಿಡಮರಗಳನ್ನು ನೆಲಸಮ ಮಾಡಿದ ಮೇಲೆ ನೆರಳೇ ದುರ್ಲಭವಾಯಿತು. ಜಗಳಕ್ಕೆ ಹೆಸರಾದ ಅದೇ ಮಂಗಗಳು ಉಳಿದ ನೆರಳಿನಲ್ಲಿ ಒತ್ತೊತ್ತಾಗಿ ಕುಳಿತು ಪರಸ್ಪರ ಸಹಿಸಿಕೊಂಡವು. ಹಾಗೆ ನೆರಳು ಹಂಚಿಕೊಂಡವುಗಳೇ ಹೆಚ್ಚಾಗಿ ಬದುಕಿ ಉಳಿದವು. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲನ್ನು ಉಂಡವರಿಗೆ ಆ ನೆರಳಿನ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಕೃತಜ್ಞತೆಗಳು. ಇಂದು ಸಂಜೆ ಮತ್ತೆ ಹೋಗಿ ಕುಳಿತಿದ್ದೆ. ಪ್ರವಾಸಿಗರೊಬ್ಬರು ಬಾಳೆಹಣ್ಣು ಎಸೆದ ಕ್ಷಣವೇ ಮೈ ನೋಡುತ್ತಿದ್ದ ಮೂರು ಜೋಡಿಗಳೂ ಚದುರಿ ಕಚ್ಚಾಟಕ್ಕೆ ಇಳಿದವು. ಅವು ಮತ್ತೆ ಜೊತೆಗೂಡಿ ಕುಳಿತುಕೊಳ್ಳಲು ಕತ್ತಲಾಗುವವರೆಗೆ ಕಾಯಬೇಕಾಯಿತು.